ಸೆಕೆ ಹೇಳುವ ಗೋಡೆ

ಶಿವರಾತ್ರಿ ಕಳೆದು ಮೊದಲ ಮಳೆ ಬೀಳುವತನಕ ಕಡೂರಿನಲ್ಲಿ ಇಬ್ಬರು ಎದುರಾದರೆ ನಮಸ್ಕಾರಕ್ಕೂ ಮೊದಲು ಬಾಯಿಗೆ ಬರುವ ಮಾತು ಒಂದೇ: ‘ಏನ್ ಸೆಕೆ ಕಣ್ರೀ.’ ಇದಕ್ಕೆ ‘ಹೂಂ ಕಣ್ರೀ, ವಿಪರೀತ’ ಎಂಬುದು ಸರ್ವಸಮ್ಮತವಾದ ಉತ್ತರ. ಸೆಕೆಯ ಸಂಗತಿ ಹೇಳಿದವರಿಗೂ ಕೇಳಿದವರಿಗೂ ಮೊದಲೇ ಗೊತ್ತಿರುವುದರಿಂದ ಈ ಸಂಭಾಷಣೆಯಿಂದ ಯಾರ ಜ್ಞಾನವೂ ವೃದ್ಧಿಯಾಗುವುದಿಲ್ಲ. ಆದರೂ ಅದನ್ನು ಆಡದೆ ಮುಂದೆ ಹೋದವನನ್ನು ಊರು ಅಹಂಕಾರಿ ಎನ್ನುತ್ತದೆ. ಹೋದ ಬೇಸಿಗೆಯಲ್ಲಿ ಆ ಅಹಂಕಾರಿಗಳ ಸಾಲಿಗೆ ನಾನೂ ಸೇರಿದೆ. ಯಾರಾದರೂ ‘ಏನ್ ಸೆಕೆ’ ಎಂದರೆ ಜೇಬಿನಿಂದ ಫೋನು ತೆಗೆದು, ‘ಮೂವತ್ತಾರೂವರೆ’ ಎಂದು ಹೇಳತೊಡಗಿದ್ದೆ.

ಇದಕ್ಕೆಲ್ಲ ಕಾರಣ ನಮ್ಮ ನಡುಮನೆಯ ಗೋಡೆಗೆ ಅಂಟಿಕೊಂಡಿರುವ ಅಂಗೈಯಗಲದ ದುಂಡು ಉಪಕರಣ. ಸ್ಮಾರ್ಟ್ ಥರ್ಮೋಸ್ಟಾಟ್ ಎಂಬುದು ಅದರ ನಾಮಧೇಯ. ಮನೆಯ ಉಷ್ಣಾಂಶವನ್ನು ಅಳೆದು, ಒಳಗೆ ಜನ ಇದ್ದಾರೋ ಇಲ್ಲವೋ ಎಂಬುದನ್ನು ತನ್ನದೊಂದು ಗಾಜಿನ ಕಣ್ಣಿನಿಂದ ಪರಾಂಬರಿಸಿ, ಏಸಿಯನ್ನು ತಾನೇ ಹಾಕಿ, ತಾನೇ ಆರಿಸಿ, ಅಷ್ಟನ್ನೂ ನನ್ನ ಫೋನಿಗೆ ವರದಿ ಮಾಡುವ ಘನಕಾರ್ಯ ಅದರದು. ನಾನು ತರೀಕೆರೆಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಹೆಂಡತಿ ಜಯಂತಿ ಬೀರೂರಿನಲ್ಲಿ ಟೀಚರು. ಹಗಲೆಲ್ಲ ಮನೆಯಲ್ಲಿ ಒಬ್ಬಳೇ ಇರುವ ನನ್ನ ಅಮ್ಮ ಸೆಕೆಯಲ್ಲಿ ಬೇಯಬಾರದೆಂಬ ಮಾತೃಭಕ್ತಿಯಿಂದಲೇ ಇದನ್ನು ತಂದೆನೆಂದು ಎಲ್ಲರಿಗೂ ಹೇಳಿದ್ದೇನೆ. ಊರಿನಲ್ಲಿ ಇನ್ನಾರ ಮನೆಯಲ್ಲೂ ಇಲ್ಲದ್ದು ನಮ್ಮ ಮನೆಯಲ್ಲಿರಲಿ ಎಂಬ ಆಸೆಯನ್ನು ಮಾತ್ರ ಹೇಳಿರಲಿಲ್ಲ.

ಬಂದ ವಾರದಲ್ಲೇ ಅದರ ಬುದ್ಧಿವಂತಿಕೆಯ ಸೀಮೆ ಗೊತ್ತಾಯಿತು. ಅಲುಗಾಡದವರು ಅದರ ಕಣ್ಣಿಗೆ ಬೀಳುವುದಿಲ್ಲ. ನಾನು ಈಜಿಚೇರಿನಲ್ಲಿ ಪುಸ್ತಕ ಹಿಡಿದು ಕೂತೆನೆಂದರೆ ಪುಟ ತಿರುಗಿಸುವ ಬೆರಳೊಂದನ್ನು ಬಿಟ್ಟು ಉಳಿದದ್ದೆಲ್ಲ ಸಮಾಧಿಸ್ಥಿತಿಗೆ ಹೋಗುತ್ತದೆ. ಯಂತ್ರ ನನ್ನನ್ನು ಒಂದಷ್ಟು ಹೊತ್ತು ನೋಡಿ, ಮನೆಯಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸಿ ಏಸಿ ಆರಿಸಿಬಿಡುತ್ತಿತ್ತು. ವಿದ್ಯಾರ್ಥಿಗಳು ನನ್ನನ್ನು ಲೆಕ್ಕಕ್ಕೆ ಹಿಡಿಯದಿರುವುದು ಅಭ್ಯಾಸವಾಗಿದೆ. ಸ್ವಂತ ಗೋಡೆಯಿಂದಲೂ ಆ ಅವಮಾನ ಆದದ್ದು ಮಾತ್ರ ನನಗೆ ಸಹಿಸಲಾಗಲಿಲ್ಲ.

ಪರಿಹಾರವೆಂದು ಆಗಾಗ ಬಲಗೈ ಎತ್ತಿ ಬೀಸುವ ವ್ರತ ಹಿಡಿದೆ. ನಮ್ಮ ಎದುರು ಮನೆಯ ರುದ್ರಪ್ಪ ತೆಂಗಿನ ತೋಟದಿಂದ ಬರುವಾಗ ಕಿಟಕಿಯಲ್ಲಿ ಈ ದೃಶ್ಯ ಕಂಡು, ಎಕ್ಕಡ ಬಿಟ್ಟು ಒಳಗೇ ಬಂದ. ‘ಕರೆದ್ರಲ್ಲ ಮೇಷ್ಟ್ರೇ, ಏನ್ ಸಮಾಚಾರ?’ ಎಂದು ಕೂತ. ಗೋಡೆಗೆ ಕೈಬೀಸುತ್ತಿದ್ದೆನೆಂದು ಹೇಳಲು ನಾಚಿಕೆಯಾಗಿ ಅವನ ತೆಂಗಿನ ನುಸಿರೋಗದ ಕ್ಷೇಮಸಮಾಚಾರ ಕೇಳಿದೆ. ರುದ್ರಪ್ಪ ಮಾತಾಡುವುದು ಬಾಯಿಗಿಂತ ಹೆಚ್ಚಾಗಿ ಕೈಯಲ್ಲಿ. ಅವನು ಇದ್ದಷ್ಟು ಹೊತ್ತೂ ಏಸಿ ತಣ್ಣಗೆ ಓಡಿತು. ಓದಲು ತಂಪು ಬೇಕು, ತಂಪಿಗೆ ರುದ್ರಪ್ಪ ಬೇಕು, ರುದ್ರಪ್ಪನಿದ್ದರೆ ಓದುವಂತಿಲ್ಲ ಎಂಬ ಸುಳಿಯಲ್ಲಿ ಆ ತಿಂಗಳು ಒಂದು ಪುಸ್ತಕವೂ ಮುಗಿಯಲಿಲ್ಲ.

ಇನ್ನು ಕರೆಂಟು. ಹೋಗಿ ಬಂದಾಗಲೆಲ್ಲ ಯಂತ್ರ ಪೂರ್ವಸ್ಮರಣೆ ಕಳೆದುಕೊಂಡು, ನೀವು ಯಾವ ದೇಶದವರು ಎಂದು ಇಂಗ್ಲಿಷಿನಲ್ಲಿ ವಿಚಾರಿಸುತ್ತಿತ್ತು. ಅಜ್ಜಂಪುರದ ಕಡೆಯಿಂದ ಬಂದ ನನ್ನ ಭಾವಮೈದುನ ಅದಕ್ಕೆ ಇನ್ವರ್ಟರಿನ ತಂತಿ ಎಳೆದುಕೊಟ್ಟ. ಬುಕ್ಕಾಂಬುಧಿ ಕೆರೆ ಏರಿಯ ಗಾಳಿ ಕುಡಿದು ಬೆಳೆದ ಪ್ರಾಣಿ ಅವನು. ‘ಕಿಟಕಿ ಮುಚ್ಚಿಸೋಕೆ ಇಷ್ಟೆಲ್ಲ ಬೇಕಿತ್ತಾ ಭಾವ?’ ಎಂದು ಕೇಳಿ, ನಾನು ವಿವರಿಸುವ ಮೊದಲೇ ಜಗಲಿಗೆ ಹೋಗಿ ಮಲಗಿಬಿಟ್ಟ.

ಅಮ್ಮ ಮಾತ್ರ ಅದನ್ನು ಯಥೋಚಿತವಾಗಿ ಬರಮಾಡಿಕೊಂಡಿದ್ದಳು. ಮಿಕ್ಸಿಯಿಂದ ಹಿಡಿದು ನನ್ನ ಸ್ಕೂಟರಿನವರೆಗೆ ಬೊಟ್ಟಿಡಿಸಿಕೊಳ್ಳದೆ ನಮ್ಮ ಮನೆಯೊಳಗೆ ಉದ್ಯೋಗಕ್ಕೆ ಸೇರಿದ ಯಂತ್ರವಿಲ್ಲ. ಇದಕ್ಕೂ ಹೂವು ಮುಡಿಸಿ, ಅರಿಶಿನ ಕುಂಕುಮ ಕಲಸಿ ಬೊಟ್ಟಿಟ್ಟಳು. ಹಣೆ ಯಾವುದೆಂದು ತಿಳಿಯದೆ ಅದು ಸರಿಯಾಗಿ ಕಣ್ಣಿನ ಮೇಲೆಯೇ ಕೂತಿತು. ನಾನು ಒರೆಸಿ, ಒಂದು ಸಣ್ಣ ಉಪನ್ಯಾಸ ಕೊಟ್ಟೆ: ಇಲ್ಲಿ ಬೊಟ್ಟಿಟ್ಟರೆ ಅದಕ್ಕೆ ಕಾಣುವುದಿಲ್ಲ, ಕಾಣದಿದ್ದರೆ ಏಸಿ ಆರಿಹೋಗುತ್ತದೆ, ಆದ್ದರಿಂದ ಕೆಳಗಿಡು. ಅಮ್ಮ ವಿಧೇಯ ವಿದ್ಯಾರ್ಥಿನಿಯಂತೆ ಕೇಳಿದಳು. ಅಂದಿನಿಂದ ಪ್ರತಿ ಶುಕ್ರವಾರ ಹೊಸಿಲಿಗೆ ಇಟ್ಟಮೇಲೆ ಅದರ ಗಲ್ಲಕ್ಕೊಂದು ಬೊಟ್ಟು ಬೀಳುತ್ತಿತ್ತು.

ಇನ್ನೊಂದು ಸಂಗತಿ ಹೇಳಬೇಕು. ಯಂತ್ರ ಬರುವ ಮೊದಲು ಸಂಜೆ ಅಮ್ಮ ‘ಏನ್ ಸೆಕೆ ಕಣೋ’ ಎಂದರೆ ನಾನು ಬೀಸಣಿಗೆ ಹಿಡಿದು ಅವಳ ಪಕ್ಕ ಕೂರುತ್ತಿದ್ದೆ. ಅವಳು ತನ್ನ ತವರಾದ ದೇವನೂರಿನ ಯಾವುದಾದರೊಂದು ಕಥೆ ತೆಗೆಯುತ್ತಿದ್ದಳು. ಯಂತ್ರ ಬಂದಮೇಲೆ ಅವಳು ಹಾಗೆಂದರೆ ಗೋಡೆ ನೋಡಿ, ಫೋನು ಒತ್ತಿ, ಎರಡು ಡಿಗ್ರಿ ಇಳಿಸಿ, ನನ್ನ ಪುಸ್ತಕಕ್ಕೆ ಮರಳುತ್ತಿದ್ದೆ. ಕೆಲವು ವಾರಗಳಲ್ಲಿ ಅಮ್ಮ ಸೆಕೆಯೆನ್ನುವುದನ್ನೇ ಬಿಟ್ಟಳು. ಇದನ್ನು ನಾನು ವಿಜ್ಞಾನದ ವಿಜಯವೆಂದು ಸ್ಟಾಫ್ ರೂಮಿನಲ್ಲಿ ಬಣ್ಣಿಸಿದ್ದೆ.

ಹೀಗಿರುವಾಗ ಒಂದು ಶುಕ್ರವಾರ ಮಧ್ಯಾಹ್ನ ತರೀಕೆರೆಯಲ್ಲಿ ಬುತ್ತಿ ಬಿಚ್ಚುತ್ತಿದ್ದವನ ಫೋನಿಗೆ ವರದಿ ಬಂತು: ಮನೆಯಲ್ಲಿ ಯಾರೂ ಇಲ್ಲ. ಆ ಬಿಸಿಲಿನಲ್ಲಿ ಅಮ್ಮ ಹೊರಗೆ ಕಾಲಿಡುವವಳಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ರುದ್ರಪ್ಪನೂ ಎತ್ತಲಿಲ್ಲ. ಜಯಂತಿ ತರಗತಿಯಲ್ಲಿದ್ದಳು. ಬುತ್ತಿ ಹಾಗೇ ಬಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ ಕಾಡಿತು: ಅಲುಗಾಡದವರು ಆ ಕಣ್ಣಿಗೆ ಬೀಳುವುದಿಲ್ಲ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದರೂ ಅದು ಯಾರೂ ಇಲ್ಲವೆಂದೇ ಹೇಳುತ್ತದೆ. ನನಗೆ ನಿಜವಾಗಿ ಭಯವಾಯಿತು. ಬೀರೂರಿನಲ್ಲಿ ಪಕ್ಕಕ್ಕೆ ಕೂತವರು ‘ಏನ್ ಸೆಕೆ ಕಣ್ರೀ’ ಎಂದರು. ನಾನು ಮತ್ತೆ ಅಮ್ಮನ ನಂಬರು ಒತ್ತಿದೆ.

ಬೀದಿಗೆ ತಿರುಗಿದರೆ ಅಮ್ಮ ರುದ್ರಪ್ಪನ ಮನೆಯ ಜಗಲಿಯ ನೆರಳಲ್ಲಿ ಕಾಲು ಚಾಚಿ, ಅವನ ಹೆಂಡತಿಯ ಜೊತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳನ್ನು ಕಂಡೊಡನೆ ಅಳು ಬಂದಂತಾಗಿ, ಅದು ಬಾಯಿಗೆ ಬರುವಾಗ ಕೋಪವಾಯಿತು.

‘ಎಲ್ಲೋಗಿದ್ದೆ ಅಮ್ಮ? ಮನೇಲಿ ಯಾರೂ ಇಲ್ಲ ಅಂತ ಬಂತು ನಂಗೆ.’

‘ಸರಿಯಾಗೇ ಹೇಳೈತಲ್ಲ. ನಾನಿಲ್ಲಿದೀನಿ.’

ಒಳಗೆ ಹೋಗಿ ನೋಡಿದೆ. ಯಂತ್ರದ ಕಣ್ಣು ಪೂರ್ತಿ ಮುಚ್ಚುವಂತೆ, ದುಂಡಗೆ, ಅಚ್ಚುಕಟ್ಟಾದ ಬೊಟ್ಟು. ಕೈತಪ್ಪಿ ಇಟ್ಟದ್ದಲ್ಲ. ಹೊರಗೆ ಬಂದು ಇದೇನೆಂದು ಕೇಳಿದರೆ ಅಮ್ಮ ತಲೆಯೆತ್ತದೆ, ‘ನೀನೇ ಹೇಳ್ಕೊಟ್ಟಿದ್ದಲ್ವೇನೋ, ಅಲ್ಲಿಟ್ರೆ ಆರೋಗುತ್ತೆ ಅಂತ’ ಎಂದಳು. ಮೂವತ್ತು ವರ್ಷದ ಅಧ್ಯಾಪನದಲ್ಲಿ ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಪ್ರಯೋಗಕ್ಕೆ ತಂದ ವಿದ್ಯಾರ್ಥಿ ಬೇರೊಬ್ಬರಿಲ್ಲ.

‘ಬ್ಯಾಡವಾಗಿದ್ರೆ ಹೇಳ್ಬಾರ್ದಿತ್ತಾ?’

‘ಯಾರಿಗೆ ಹೇಳ್ಲಿ? ಸೆಕೆ ಅಂದ್ರೆ ನೀನು ಗೋಡೆ ನೋಡ್ತೀಯ. ಮೊದ್ಲು ನನ್ನ ನೋಡ್ತಿದ್ದೆ. ಅದ್ಕೇ ಅನ್ನೋದ್ ಬಿಟ್ಟೆ ಕಣೋ.’

ರುದ್ರಪ್ಪನ ಹೆಂಡತಿ ಒಂದೇ ಹುಣಸೆಬೀಜವನ್ನು ಬಹಳ ಹೊತ್ತು ಬಿಡಿಸಿದಳು. ನನಗೆ ತುಂಬ ನೋವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅಮ್ಮ ಸೆಕೆಯೆಂದಾಗ ಕೇಳುತ್ತಿದ್ದದ್ದು ಗಾಳಿಯನ್ನಲ್ಲವೆಂದು ಕನ್ನಡ ಮೇಷ್ಟ್ರಿಗೆ ತಿಳಿಯದೆ ಹೋಗಿತ್ತು. ಅಲ್ಲೇ ಜಗಲಿಯ ಮೇಲೆ ಕೂತು ಹುಣಸೆಹಣ್ಣಿಗೆ ಕೈಹಾಕಿದೆ.

ಯಂತ್ರ ಈಗಲೂ ಗೋಡೆಯ ಮೇಲಿದೆ. ಅದರ ಉಳಿದ ದೋಷಗಳನ್ನು ಹಾಗೇ ಬಿಟ್ಟಿದ್ದೇನೆ. ಶುಕ್ರವಾರದ ಬೊಟ್ಟು ಎಲ್ಲಿ ಬೀಳಬೇಕೆಂಬುದು ಅಮ್ಮನಿಗೆ ಸೇರಿದ್ದು. ನಿನ್ನೆ ಸಂಜೆ ಏಸಿ ಅಚ್ಚುಕಟ್ಟಾಗಿ ಓಡಿ ನಡುಮನೆ ತಣ್ಣಗಾಗಿತ್ತು. ಅಮ್ಮ ಶಾಲು ಹೊದ್ದು ಮೂಲೆಯಲ್ಲಿ ಮುದುರಿ ಕೂತಿದ್ದಳು.

‘ಏನ್ ಸೆಕೆ ಕಣೋ’ ಎಂದಳು.

ಅಭ್ಯಾಸಬಲದಿಂದ ಗೋಡೆಯ ಕಡೆ ಅರ್ಧ ತಿರುಗಿದ್ದ ಕತ್ತನ್ನು ಹಿಂದಕ್ಕೆ ತಂದುಕೊಂಡೆ. ಪುಸ್ತಕ ಮಡಚಿ, ಬೀಸಣಿಗೆ ಹುಡುಕಿ, ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ‘ಹೂಂ ಕಣಮ್ಮ, ವಿಪರೀತ’ ಎಂದೆ. ಅಮ್ಮ ಶಾಲನ್ನು ಕಿವಿಯವರೆಗೆ ಎಳೆದುಕೊಂಡು ದೇವನೂರಿನ ಕಥೆ ಶುರುಮಾಡಿದಳು.