ಅವರೆ ಬಿಟ್ಟ ಮನೆ

ಪುಷ್ಯಮಾಸದ ಚಳಿಯಲ್ಲಿ ಹಾಸನದ ಸಂತೆಗೆ ಹೋದರೆ ಅವರೆಕಾಯಿ ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಬೀಳುತ್ತದೆ. ಹಳ್ಳಿಯ ಹೆಂಗಸರು ಗೋಣಿತಾಟಿನ ಮೇಲೆ ರಾಶಿ ಸುರಿದುಕೊಂಡು ಕೂತಿರುತ್ತಾರೆ. ಇಬ್ಬನಿ ಕುಡಿದ ಕಾಯಿ, ಮುಟ್ಟಿದರೆ ಬೆರಳಿಗೆ ಅಂಟುವ ಸೊನೆ, ಅದರ ಆ ಸೊಗಡು. ಬಲ್ಲವರಿಗೆ ಅದನ್ನು ಹೇಳಬೇಕಾಗಿಲ್ಲ, ಅರಿಯದವರಿಗೆ ಹೇಳಿ ಪ್ರಯೋಜನವಿಲ್ಲ. ನನ್ನ ವಾರಗೆಯ ಮುದುಕಿಯರು ಆ ರಾಶಿಯ ಮುಂದೆ ನಿಂತು ತಮ್ಮ ತಾಯಿ ಮಾಡುತ್ತಿದ್ದ ಸಾರನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟಿಬಿಡುತ್ತೇನೆ. ಹಾಸನದ ಸೀಮೆಯಲ್ಲಿ ಹುಟ್ಟಿ ಅವರೆಕಾಯಿ ಒಲ್ಲದವಳು ಇವಳೊಬ್ಬಳೇ ಎಂದು ಜೊತೆಯವರು ನಗುತ್ತಾರೆ. ಒಲ್ಲದವಳಲ್ಲ ನಾನು. ಆ ಸೊಗಡಿಗೆ ನನ್ನ ಬಾಯಲ್ಲೂ ನೀರೂರುತ್ತದೆ. ಅದರ ಬೆನ್ನಿಗೇ ಎಂಥದೋ ನಾಚಿಕೆ ಬಂದು ಆ ನೀರನ್ನು ಆರಿಸಿಬಿಡುತ್ತದೆ, ಅಷ್ಟೆ.

ನಮ್ಮ ಮನೆ ಇದ್ದದ್ದು ದುದ್ದದ ಆಚೆ, ಒಂದು ಸಣ್ಣ ಊರಿನಲ್ಲಿ. ಮುಂದೆ ಜಗಲಿ, ಒಳಗೆ ಕಂಬದ ಪಡಸಾಲೆ, ಹಿಂದೆ ಕೊಟ್ಟಿಗೆ. ಒಳಗೆ ಕಾಲಿಟ್ಟರೆ ಒಲೆಯ ಹೊಗೆ, ಬೆಣ್ಣೆ ಕಾಯಿಸಿದ ಮಡಕೆ, ಹೊಸ ರಾಗಿಯ ಧೂಳು, ಎಲ್ಲ ಬೆರೆತು ಒಂದು ವಾಸನೆ ಬರುತ್ತಿತ್ತು. ಈಗ ಆ ಮನೆಯೂ ಇಲ್ಲ, ಆ ವಾಸನೆಯೂ ಇಲ್ಲ. ನನ್ನನ್ನು ಹೆತ್ತ ತಾಯಿ ಹೆಚ್ಚು ದಿನ ಉಳಿಯಲಿಲ್ಲವಾದ್ದರಿಂದ ನಾನು ಬೆಳೆದದ್ದು ಅಪ್ಪನ ತಾಯಿ ಕೆಂಪಜ್ಜಿಯ ಕೈಯಲ್ಲಿ. ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಇಡೀ ಮನೆಯನ್ನು ಹುಬ್ಬಿನಲ್ಲೇ ಆಳುತ್ತಿದ್ದ ಹೆಂಗಸು ಅವಳು. ಅಪ್ಪ ಊರಿಗೆಲ್ಲ ಗೌಡನಾದರೂ ಮನೆಯಲ್ಲಿ ಅವಳ ಮಗ ಮಾತ್ರ. ಕೊಟ್ಟಿಗೆಗೆ ಹೋಗುವ ಬಾಗಿಲ ಪಕ್ಕ, ಬೀಸುವ ಕಲ್ಲಿನ ಹತ್ತಿರ ಯಾವಾಗಲೂ ಕೂತಿರುತ್ತಿದ್ದವಳು ತಾಯಮ್ಮಜ್ಜಿ. ತಾತನ ಅಕ್ಕ, ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದು ಅಲ್ಲಿಯೇ ಮುದುಕಿಯಾದವಳು. ಅವಳು ಮಾತಾಡಿದ್ದನ್ನು ಕೇಳಬೇಕಾದರೆ ಪುಣ್ಯ ಮಾಡಿರಬೇಕು ಎಂದು ನಾವು ಮಕ್ಕಳು ಆಡಿಕೊಳ್ಳುತ್ತಿದ್ದೆವು.

ಆ ಮನೆಗೆ ಅವರೆ ಆಗಿಬರುತ್ತಿರಲಿಲ್ಲ. ಸುತ್ತಿನ ಹೊಲಗಳಲ್ಲೆಲ್ಲ ರಾಗಿಯ ನಡುವೆ ಅಕ್ಕಡಿ ಸಾಲು ಹಿಡಿದು ಅವರೆ ಬಿತ್ತಿದರೆ ನಮ್ಮ ಸಾಲಿನಲ್ಲಿ ತೊಗರಿ, ಜೋಳ, ಹುಚ್ಚೆಳ್ಳು. ಅವರೆಯ ಕಾಲ ಬಂತೆಂದರೆ ಬೀದಿಯ ಪ್ರತಿ ಜಗಲಿಯಲ್ಲೂ ಕಾಯಿ ಸುಲಿಯುವ ಸಂಭ್ರಮ, ಬಾಗಿಲ ಮುಂದೆಲ್ಲ ಸಿಪ್ಪೆಯ ಗುಡ್ಡೆ. ನಮ್ಮ ಬಾಗಿಲು ಮಾತ್ರ ಬೋಳು. ಗಾಳಿಗೆ ಪಕ್ಕದ ಮನೆಯ ಸಿಪ್ಪೆಯೊಂದು ಹಾರಿಬಂದರೂ ಅಜ್ಜಿ ಗುಡಿಸಿ, ಸಗಣಿನೀರು ಹಾಕಿಸುತ್ತಿದ್ದಳು. ಇದಕ್ಕೊಂದು ಕತೆಯಿತ್ತು. ಹಿಂದೆ ನಮ್ಮ ಮನೆತನದ ಒಬ್ಬ ತಾಯಿ ಅವರೆ ಹೊಲದಲ್ಲಿ ಕೂಸನ್ನು ಮಲಗಿಸಿ ಕಳೆ ಕೀಳುತ್ತಿದ್ದಾಗ ನಾಗರಹಾವು ಬಂದು ಕೂಸಿಗೆ ಹೆಡೆಯ ನೆರಳು ಕೊಟ್ಟಿತಂತೆ. ಆ ರಾತ್ರಿ ಕನಸಿನಲ್ಲಿ ಬಂದು, ನಿಮ್ಮ ವಂಶ ಕಾಯುತ್ತೇನೆ, ನನ್ನ ಮನೆಯಾದ ಅವರೆಯನ್ನು ನೀವು ಮುಟ್ಟಬಾರದು ಎಂದಿತಂತೆ. ಅಜ್ಜಿ ಈ ಕತೆಯನ್ನು ನೆಂಟರ ಮುಂದೆ ಕೈಮುಗಿದು ಹೇಳುತ್ತಿದ್ದಳು. ಹೇಳುವಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ನನಗೂ ಅದೊಂದು ದೊಡ್ಡಸ್ತಿಕೆ. ದುದ್ದದ ಶಾಲೆಯಲ್ಲಿ ಯಾರ ಮನೆಯಲ್ಲಿ ಏನು ತಿನ್ನುವುದಿಲ್ಲ ಎಂಬುದರಲ್ಲೂ ನಮಗೆ ಪೈಪೋಟಿ. ಪಕ್ಕದಲ್ಲಿ ಕೂರುತ್ತಿದ್ದ ಪದ್ಮ ಜೈನರ ಹುಡುಗಿ, ಅವಳಪ್ಪನದು ಬಟ್ಟೆ ಅಂಗಡಿ. ಅವರು ಈರುಳ್ಳಿ, ಬೆಳ್ಳುಳ್ಳಿ, ನೆಲದೊಳಗೆ ಬೆಳೆಯುವ ಯಾವ ಗೆಡ್ಡೆಯನ್ನೂ ತಿನ್ನುತ್ತಿರಲಿಲ್ಲ, ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುತ್ತಿದ್ದರು. ಯಾಕೆ ಎಂದರೆ, ಗೆಡ್ಡೆ ಕಿತ್ತರೆ ಅದರ ಜೊತೆ ಎಷ್ಟೋ ಜೀವ ಹೋಗುತ್ತದೆ ಎಂದು ಅವಳು ನೇರವಾಗಿ ಹೇಳುತ್ತಿದ್ದಳು. ಚನ್ನರಾಯಪಟ್ಟಣದಿಂದ ಬಂದಿದ್ದ ಮೇಷ್ಟರ ಹೆಂಡತಿ ಕಾಶಿಗೆ ಹೋಗಿ ಹಾಗಲಕಾಯಿ ಬಿಟ್ಟು ಬಂದಿದ್ದರು. ಕಾಶಿಯಲ್ಲಿ ಬಿಡಬೇಕಾದ್ದು ತುಂಬ ಇಷ್ಟವಾದದ್ದನ್ನು. ಆಕೆ ಮೊದಲಿಂದಲೂ ಹಾಗಲಕಾಯಿ ಕಂಡರೆ ಮುಖ ಸಿಂಡರಿಸುತ್ತಿದ್ದರೆಂದು ಊರಿಗೆಲ್ಲ ಗೊತ್ತಿತ್ತು. ಇವರೆಲ್ಲರ ನಡುವೆ ನಾನು, ನಮ್ಮದು ದೇವರೇ ಬಂದು ಹಾಕಿದ ಕಟ್ಟು ಎಂದು ಕೊಚ್ಚಿಕೊಳ್ಳುತ್ತಿದ್ದೆ. ಪದ್ಮ ಬೆರಗಿನಿಂದ ಕೇಳುತ್ತಿದ್ದಳು. ಪಾಪ, ನಂಬಿದ್ದಳು.

ಅಣ್ಣನಿಗೆ ಅರಕಲಗೂಡಿನ ಕಡೆಯಿಂದ ಹೆಣ್ಣು ತಂದರು. ಅತ್ತಿಗೆಯ ಹೆಸರು ಗೌರಮ್ಮ. ಬಡವರ ಮನೆಯ ಹುಡುಗಿ, ತಂದೆಯಿಲ್ಲ, ತಾಯಿ ಒಬ್ಬಳೇ ಒಂದು ತುಂಡು ಹೊಲ ಮಾಡಿಕೊಂಡಿದ್ದವಳು. ಅತ್ತಿಗೆ ಬಂದ ಮೇಲೆ ಆ ಮನೆಯಲ್ಲಿ ನಗು ಎಂಬುದೊಂದು ಇದೆ ಎಂದು ನನಗೆ ತಿಳಿಯಿತು. ತಲೆ ಬಾಚುತ್ತಾ ಏನಾದರೂ ಒಂದು ಹೇಳಿ ನಗಿಸುವಳು, ತಾಯಮ್ಮಜ್ಜಿಯ ತಟ್ಟೆಗೆ ಅಜ್ಜಿ ನೋಡದ ಹಾಗೆ ಬೆಣ್ಣೆ ಹಾಕುವಳು. ಮರುವರ್ಷ ಅವಳು ಬಸುರಿಯಾದಳು. ಯುದ್ಧದ ಕಾಲ ಅದು. ಸೀಮೆಎಣ್ಣೆಗೆ ಪರದಾಟ, ಬೆಳೆದ ರಾಗಿಯಲ್ಲಿ ಸರ್ಕಾರಕ್ಕೆ ಅಳೆದು ಕೊಡಬೇಕು, ಸಕ್ಕರೆಯ ಮುಖ ಕಂಡವರಿಲ್ಲ. ಆದರೂ ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎನ್ನುತ್ತಿದ್ದರು. ಅಜ್ಜಿ ದಿನಾ ಕೇಳುತ್ತಿದ್ದಳು, ಏನು ಬೇಕು ಹೇಳು ಎಂದು. ಅತ್ತಿಗೆ ಏನೂ ಬೇಡ ಎನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಆ ಮನೆಯಲ್ಲಿ ಹೆಸರು ಎತ್ತಬಾರದ ಪದಾರ್ಥ. ಉಂಡದ್ದೆಲ್ಲ ವಾಂತಿಯಾಗಿ ಅವಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಬೆಳಗಿನ ಹೊತ್ತು ಪಕ್ಕದ ಮನೆಯಲ್ಲಿ ಅವರೆಕಾಳಿನ ಸಾರು ಕುದಿಯುವಾಗ ಹಿತ್ತಿಲ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದಳು. ಒಂದು ದಿನ ನಾನು ನೋಡಿದ್ದು ಅವಳಿಗೆ ಗೊತ್ತಾಯಿತು. "ವಾಸ್ನೆ ಕುಡುದ್ರೂ ನಿಮ್ ದ್ಯಾವ್ರು ಮುನಿಸ್ಕತಾನಾ, ಮಗ?" ಎಂದು ನಕ್ಕಳು. ಆ ನಗೆ ಅವಳ ಎಂದಿನ ನಗೆಯಾಗಿರಲಿಲ್ಲ.

ಬಯಕೆಯ ಬುತ್ತಿ ಹೊತ್ತು ಅವಳ ತಾಯಿ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಯಾರದೋ ಗಾಡಿಯಲ್ಲಿ ಅಷ್ಟು ದೂರ, ಉಳಿದದ್ದು ನಡೆದು, ತಲೆಯ ಮೇಲೆ ಬಿದಿರ ಕುಕ್ಕೆ. ಕಜ್ಜಾಯ, ತಂಬಿಟ್ಟು, ಚಿಗಳಿ ಎಲ್ಲವನ್ನೂ ಪಡಸಾಲೆಯಲ್ಲಿ ತೆಗೆದಿಟ್ಟು ಅಜ್ಜಿಗೆ ಒಪ್ಪಿಸಿದಳು. ಆ ಕಷ್ಟದ ವರ್ಷದಲ್ಲಿ ಅಷ್ಟು ಬೆಲ್ಲ ಅವಳು ಹೇಗೆ ಹೊಂದಿಸಿದಳೋ. ಕುಕ್ಕೆಯ ತಳದಲ್ಲಿ ಒಂದು ಹಿತ್ತಾಳೆ ಡಬ್ಬಿ ಉಳಿದಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಗಳನ್ನು ಕೊಟ್ಟಿಗೆಯ ಕಡೆಗೆ ಕರೆದುಕೊಂಡು ಹೋದಳು. ನಾನೂ ಹಿಂದೆಯೇ ಹೋದೆ. ಅತ್ತಿಗೆ ಬೀಸುವ ಕಲ್ಲಿನ ಪಕ್ಕ ಕೂತಳು, ಡಬ್ಬಿಯ ಮುಚ್ಚಳ ತೆರೆಯಿತು. ನೆನೆಸಿ, ಒಂದೊಂದೇ ಕಾಳು ಹಿಸುಕಿ ಸಿಪ್ಪೆ ತೆಗೆದು ಮಾಡಿದ ಹಿತಕಿದಬೇಳೆ ಸಾರು, ಅಕ್ಕಿರೊಟ್ಟಿ. ತಾಯಿ ರೊಟ್ಟಿಯ ತುಂಡನ್ನು ಅದ್ದಿ ಮಗಳ ಬಾಯಿಗಿಟ್ಟಳು. ಅತ್ತಿಗೆಯ ಕಣ್ಣಿಂದ ನೀರು ಇಳಿಯಿತು. ತಾಯಮ್ಮಜ್ಜಿ ತನ್ನ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಆ ವಾಸನೆಯನ್ನು ಸೆರಗಿನಲ್ಲಿ ಮುಚ್ಚಲಾದೀತೆ? ಅಜ್ಜಿ ಬಾಗಿಲಲ್ಲಿ ಬಂದು ನಿಂತಳು. ಕೂಗಾಡಲಿಲ್ಲ. ಬೀಗತಿಯ ಕಡೆ ತಿರುಗಿಯೂ ನೋಡಲಿಲ್ಲ. ಅತ್ತಿಗೆಯ ಮುಖದ ಮುಂದೆ ಬಗ್ಗಿ, "ಉಗಿ. ಈ ಒಸ್ಲೊಳಗೆ ಅದ್ನ ನುಂಗಕೂಡ್ದು" ಎಂದಳು. ಅತ್ತಿಗೆ ತಾಯಿಯ ಮುಖ ನೋಡಿದಳು. ತಾಯಿ ಕೈ ಜೋಡಿಸಿ, ತನ್ನದೇ ತಪ್ಪು, ಬಸುರಿ ಹೆಣ್ಣು, ಇದೊಂದು ತುತ್ತು ಬಿಟ್ಟುಬಿಡಿ ಎಂದು ಬೇಡಿಕೊಂಡಳು. ಅಜ್ಜಿ ಮತ್ತೆ ಅದೇ ಮಾತು ಹೇಳಿದಳು. ಅತ್ತಿಗೆ ತನ್ನ ಅಂಗೈಯನ್ನೇ ಬಾಯಿಗೆ ಹಿಡಿದು ಉಗಿದಳು. ಅಗಿದ ಆ ತುತ್ತನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಅವಳು ಕೈ ಹಾಗೇ ಚಾಚಿಕೊಂಡು ಕೂತದ್ದು ಈಗಲೂ ನನ್ನ ಕಣ್ಣಮುಂದೆ ಬರುತ್ತದೆ.

ಆಗ ಮೂಲೆಯಿಂದ ಒಂದು ದನಿ ಬಂತು. ತಾಯಮ್ಮಜ್ಜಿಯದು ಎಂದು ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು. "ಬ್ಯಾಡ ಕಣೆ ಕೆಂಪಿ. ನಮ್ಮಪ್ಪನೂ ಇಂಗೇ ಅಂದಿದ್ದು."

ಅವಳು ಹೇಳಿದ್ದು ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರದ ಮಾತು. ಆಗ ಅವಳು ಹಲ್ಲು ಬಿದ್ದು ಹುಟ್ಟುವ ವಯಸ್ಸಿನ ಹುಡುಗಿ. ಜನ ಹಸಿವಿಗೆ ದಾರಿಯುದ್ದಕ್ಕೂ ಬಿದ್ದು ಸಾಯುತ್ತಿದ್ದ ಕಾಲದಲ್ಲಿ ಕೆರೆಯಂಚಿನ ನಮ್ಮ ಹೊಲದಲ್ಲಿ ಮಾತ್ರ ಹೇಗೋ ಅವರೆ ಕಾಯಿ ಹಿಡಿದಿತ್ತು. ಅವಳಪ್ಪ ಅದನ್ನು ದೊಣ್ಣೆ ಹಿಡಿದು ಕಾಯುತ್ತಿದ್ದ. ಮಗಳು ಅಲ್ಲಿಯೇ ಬದುವಿನ ಮೇಲೆ ಕೂತು ಸುಟ್ಟ ಅವರೆ ತಿನ್ನುತ್ತಿದ್ದಾಗ ಎಲ್ಲಿಂದಲೋ ಬಂದ ಒಬ್ಬ ಹೆಂಗಸು ಸಾಲಿನೊಳಗೆ ನುಗ್ಗಿ ಹಸಿಕಾಯನ್ನೇ ಸಿಪ್ಪೆ ಸಮೇತ ಬಾಯಿಗೆ ತುಂಬಿಕೊಂಡಳು. ಅಪ್ಪ ಅವಳನ್ನು ಹಿಡಿದ. ಹೊಡೆಯಲಿಲ್ಲ. ಮಡಿಲಲ್ಲಿದ್ದ ಕಾಯನ್ನು ಬಿಚ್ಚಿ ಸುರಿಸಿಕೊಂಡು, ಬಾಯಲ್ಲಿದ್ದುದನ್ನೂ ಉಗಿ ಎಂದ. "ನನ್ ಬಾಯಲ್ಲೂ ಅದೇ ಕಾಳಿತ್ತು ಕಣೆ," ಎಂದಳು ತಾಯಮ್ಮಜ್ಜಿ. "ಅವ್ಳು ಉಗುದ್ಲು. ನಾನು ನುಂಗ್ಕಂಡೆ." ಬೆಳಗ್ಗೆ ಹೋಗಿ ನೋಡಿದರೆ ಆ ಹೆಂಗಸು ಬದುವಿನ ಆಚೆ ಸತ್ತುಬಿದ್ದಿದ್ದಳು. ಎಲ್ಲಿ ಮಣ್ಣು ಮಾಡಿದರೋ ಯಾರಿಗೂ ಗೊತ್ತಿಲ್ಲ. ಅಂದಿನಿಂದ ಅಪ್ಪನ ಗಂಟಲಲ್ಲಿ ಅವರೆ ಇಳಿಯಲಿಲ್ಲ. ಅವನು ಬಿಟ್ಟ, ಮನೆ ಬಿಟ್ಟಿತು. ಹಾವಿನ ಕತೆ ಆಮೇಲೆ ಯಾವಾಗಲೋ ಬಂದು ಸೇರಿಕೊಂಡಿತು. ಯಾರು ಕಟ್ಟಿದರೋ ಅವಳಿಗೂ ತಿಳಿಯದು.

ನಾನು ಅಜ್ಜಿಯ ಮುಖ ನೋಡಿದೆ, ಅಲ್ಲ ಎಂದು ಹೇಳುತ್ತಾಳೇನೋ ಎಂದು. ಅವಳು ಬೆಚ್ಚಿಬೀಳಲಿಲ್ಲ, ಯಾವುದೋ ಹಳೆಯ ಮಾತನ್ನು ಮತ್ತೆ ಕೇಳಿದವಳ ಹಾಗೆ ತಲೆ ತಗ್ಗಿಸಿದಳು. ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನೆಂಟರ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಆ ಕತೆ ಹೇಳುತ್ತಿದ್ದಳು. ಅತ್ತಿಗೆ ಎದ್ದು ಕೈಯಲ್ಲಿದ್ದುದನ್ನು ಹಸುವಿನ ಗೋದಲಿಗೆ ಹಾಕಿ, ಕೈ ತೊಳೆದುಕೊಂಡು ಬಂದಳು. "ಅಸಿದೋಳಿಗೆ ಇಕ್ದೆ ಓದ ತಪ್ಪಿಗೆ ತಿನ್ನೋದ್ ಬುಟ್ರೆ ಏನ್ ಬಂತಜ್ಜಿ? ಇಕ್ಬೇಕಾಗಿತ್ತು. ಇವತ್ತೂ ಇಕ್ನಿಲ್ಲ." ಅಷ್ಟು ಹೇಳಿ ತಾಯಿಯ ಕುಕ್ಕೆ ತಾನೇ ಎತ್ತಿಕೊಂಡಳು. ಅಣ್ಣ ಗಾಡಿ ಕಟ್ಟಿ ಇಬ್ಬರನ್ನೂ ಅರಕಲಗೂಡಿಗೆ ಬಿಟ್ಟು ಬಂದ.

ಅಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿತು. ಕಿವಿ ಸೋರಲಿಲ್ಲವಂತೆ, ತಾಯಿ ಅವರೆಯ ಕಾಲ ಮುಗಿಯುವವರೆಗೂ ಹೊಟ್ಟೆ ತುಂಬ ಇಕ್ಕಿದ್ದಳಂತೆ. ಅಜ್ಜಿ ಕೂಸನ್ನು ನೋಡಲು ಹೋಗಲಿಲ್ಲ, ಕರೆಸಿಕೊಳ್ಳಲೂ ಇಲ್ಲ. ಅಪ್ಪ ನಮ್ಮನ್ನೆಲ್ಲ ಕೂರಿಸಿ, ಮನೆಯ ಮಾತು ಮನೆಯಲ್ಲಿರಲಿ ಎಂದಿದ್ದ. ಅಣ್ಣ ತಿಂಗಳಿಗೊಮ್ಮೆ ಹೆಂಡತಿ ಮಗುವನ್ನು ನೋಡಿಕೊಂಡು ಬಂದು ಯಾರ ಜೊತೆಗೂ ಸೇರದೆ ಉಣ್ಣುತ್ತಿದ್ದ. ನಾನು ಶಾಲೆಯಲ್ಲಿ ಪದ್ಮಳ ಪಕ್ಕದಿಂದ ಎದ್ದು ಹಿಂದಿನ ಸಾಲಿಗೆ ಹೋದೆ. ಹಾವಿನ ಕತೆ ಇನ್ನೊಮ್ಮೆ ಹೇಳು ಎಂದು ಅವಳು ಕೇಳುತ್ತಾಳೆಂಬ ಭಯ.

ಮರುವರ್ಷ ಅದೇ ಚಳಿಯಲ್ಲಿ ತಾಯಮ್ಮಜ್ಜಿ ತೀರಿಕೊಂಡಳು. ನಮ್ಮ ಕಡೆ ಮಣ್ಣು ಮಾಡಿದ ಮೂರನೆಯ ದಿನ ಹಾಲುತುಪ್ಪ ಬಿಡುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಗುಡ್ಡೆಯ ಮುಂದೆ ಎಲೆ ಹಾಕಿ ಬಡಿಸಿ, ಮನೆಯ ಹಿರಿಯರು ಸತ್ತವರ ಹೆಸರು ಹಿಡಿದು ಉಣ್ಣಲು ಕರೆಯುತ್ತಾರೆ. ತಾಯಮ್ಮಜ್ಜಿಗೆ ಏನು ಇಷ್ಟವಿತ್ತು? ಅಷ್ಟು ವರ್ಷ ಒಂದೇ ಸೂರಿನಡಿ ಇದ್ದ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅನ್ನ, ತೊಗರಿಬೇಳೆ ಸಾರು, ಒಂದಿಷ್ಟು ಪಾಯಸ ಮಾಡಿಕೊಂಡು ಹೊರಟೆವು. ಅವಳನ್ನು ಮಣ್ಣು ಮಾಡಿದ್ದ ಹೊಲ ಮುಟ್ಟುವ ಹೊತ್ತಿಗೆ ಅತ್ತಿಗೆ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು, ಕೈಯಲ್ಲಿ ಒಂದು ಡಬ್ಬಿ ಹಿಡಿದು ಬಂದಿದ್ದಳು. ಡಬ್ಬಿಯಲ್ಲಿ ಏನಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ, ಗಾಳಿಯೇ ಹೇಳುತ್ತಿತ್ತು. ಅವಳು ಯಾರ ಅಪ್ಪಣೆಗೂ ಕಾಯದೆ ತಾಯಮ್ಮಜ್ಜಿಯ ಎಲೆಗೆ ಅವರೆ ಬಡಿಸಿದಳು. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ, ಅದಕ್ಕೂ ಅನ್ನವಿಟ್ಟು, ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಸುರಿದಳು. ಎರಡೆಲೆ ಯಾಕೆ ಎಂದು ಅಪ್ಪ ಕೇಳಲು ಹೋಗಿ, ಅರ್ಧಕ್ಕೇ ನಿಲ್ಲಿಸಿಬಿಟ್ಟ.

ಕೆಂಪಜ್ಜಿ ಮುಂದೆ ಬಂದಳು. ಎಲೆ ಎಳೆದು ಎಸೆಯುತ್ತಾಳೇನೋ ಎಂದು ಅಣ್ಣ ಅತ್ತಿಗೆಯ ಪಕ್ಕಕ್ಕೆ ಬಂದು ನಿಂತ. ಅಜ್ಜಿ ಮಣ್ಣಿನಲ್ಲಿ ಕೂತು, ಮೊದಲ ಎಲೆಗೆ ಹಾಲುತುಪ್ಪ ಬಿಟ್ಟು, "ತಾಯಕ್ಕ, ಬಾರವ್ವ, ಉಣ್ಣು" ಎಂದು ಕರೆದಳು. ಎರಡನೆಯ ಎಲೆಗೂ ಹಾಲುತುಪ್ಪ ಬಿಟ್ಟಳು. ಕೈ ಮುಗಿದಳು. ಕರೆಯಲು ಬಾಯಿ ತೆರೆದಳು. ನಮ್ಮ ಮುಖವನ್ನೆಲ್ಲ ಒಂದೊಂದಾಗಿ ನೋಡಿದಳು, ಯಾರಾದರೂ ಹೇಳಿಕೊಡುತ್ತಾರೇನೋ ಎಂಬಂತೆ. ಬಲ್ಲವಳು ಒಬ್ಬಳಿದ್ದಳೋ ಏನೋ, ಅವಳನ್ನೂ ಮಣ್ಣು ಮಾಡಿ ಬಂದಿದ್ದೆವು. ಆಮೇಲೆ ಅಜ್ಜಿ ಆ ಎಲೆಯ ಕಡೆ ಬಗ್ಗಿ, ಎದುರಿಗೆ ಯಾರೋ ಕೂತಿರುವ ಹಾಗೆ ಸಣ್ಣ ದನಿಯಲ್ಲಿ ಹೇಳಿದಳು.

"ಏನಂತ ಕರೀಲವ್ವ ನಿನ್ನ? ಎಸ್ರೂ ಕೇಳ್ನಿಲ್ವಲ್ಲ ನಾವು."

ಸ್ವಲ್ಪ ಹೊತ್ತಿಗೆ ಕಾಗೆ ಬಂದು ತಾಯಮ್ಮಜ್ಜಿಯ ಎಲೆ ಮುಟ್ಟಿತು. ಇನ್ನೊಂದು ಎಲೆಯ ಮುಂದೆ ಅಜ್ಜಿ ಹೊತ್ತು ಮುಳುಗುವವರೆಗೂ ಕೂತಿದ್ದಳು.