ದೊಡ್ಡವರೊಬ್ಬರು ಜೊತೆಗಿರಬೇಕು

ಶಾಲೆಯ ಕೆಲಸದಿಂದ ನಿವೃತ್ತಳಾದ ವರ್ಷವೇ ನಮ್ಮ ಚರ್ಚಿನ ಸಂಡೇ ಸ್ಕೂಲು ನನ್ನ ಕೈಗೆ ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ನನ್ನ ಗಂಡ ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದರು. ಮನೆಯಲ್ಲಿ ಕೂತು ಅವರ ತಲೆ ತಿನ್ನುವುದಕ್ಕಿಂತ ಚರ್ಚಿನ ಮಕ್ಕಳ ತಲೆ ತಿನ್ನಲಿ ಎಂದೇ ಅವರು ಈ ಕೆಲಸ ಒಪ್ಪಿಕೊಳ್ಳಲು ಒತ್ತಾಯ ಮಾಡಿದ್ದು ಎಂದು ಈಗಲೂ ನನಗೆ ಗುಮಾನಿ.

ನಮ್ಮ ಚರ್ಚು ಬಸವೇಶ್ವರನಗರಕ್ಕೂ ಕಾಮಾಕ್ಷಿಪಾಳ್ಯಕ್ಕೂ ನಡುವಿನ ಒಂದು ರಸ್ತೆಯಲ್ಲಿದೆ. ಒಂದು ಕಡೆಯಿಂದ ಜನ ಕಾರಿನಲ್ಲಿ ಬರುತ್ತಾರೆ, ಇನ್ನೊಂದು ಕಡೆಯಿಂದ ನಡೆದು ಬರುತ್ತಾರೆ. ನಾನು ವಹಿಸಿಕೊಂಡಾಗ ಮಕ್ಕಳ ತರಗತಿ ನಡೆಯುತ್ತಿದ್ದದ್ದು ಮಹಡಿ ಮೆಟ್ಟಿಲ ಕೆಳಗೆ, ಹರಿದ ಚಾಪೆಯ ಮೇಲೆ. ನನಗೆ ನಾಚಿಕೆಯಾಯಿತು. ಎರಡು ವರ್ಷ ಕಂಡಕಂಡವರನ್ನು ಕಾಡಿ ಬೇಡಿ ಹಿಂದುಗಡೆಯ ಸ್ಟೋರ್ ರೂಮನ್ನು ಮಕ್ಕಳ ಕೋಣೆ ಮಾಡಿದೆ. ನೆಲಕ್ಕೆ ಮೆತ್ತನೆ ಹಾಸು, ಪುಟ್ಟ ಕುರ್ಚಿಗಳು, ಗೋಡೆ ತುಂಬ ಚಿತ್ರ, ಮಕ್ಕಳ ಕೈಗೆ ಎಟುಕುವ ಹಾಗೆ ನಲ್ಲಿ, ಪ್ರತಿ ಮಗುವಿಗೂ ಬೇರೆ ಬೇರೆ ಕ್ರೇಯಾನ್ ಡಬ್ಬಿ, ತರಗತಿ ಮುಗಿದ ಮೇಲೆ ಬನ್ನು, ಬಾಳೆಹಣ್ಣು, ಬಿಸಿ ಹಾಲು. ಯಾವ ಮಗು ಬಂದರೂ ಸ್ವಾಗತ ಎಂದು ಬಾಗಿಲ ಮೇಲೆ ನಾನೇ ಸ್ಟೂಲು ಹತ್ತಿ ಬಣ್ಣದಲ್ಲಿ ಬರೆದೆ. ಬೇರೆ ಚರ್ಚಿನವರು ಬಂದು ನೋಡಿ ಹೋಗುವಷ್ಟು ಚೆನ್ನಾಗಿತ್ತು. ನನಗೆ ಜಂಬ ಬಂದಿತ್ತು, ಅದನ್ನು ಮುಚ್ಚಿಡುವುದೇನೂ ಇಲ್ಲ.

ಆಮೇಲೆ ಒಂದು ಭಾನುವಾರ ನಾಲ್ಕು ವರ್ಷದ ಮಗುವೊಂದು ಯಾರಿಗೂ ಕಾಣದ ಹಾಗೆ ಹೊರಗೆ ಹೋಗಿ, ಮಾಗಡಿ ರೋಡಿನ ಬಸ್ ಸ್ಟಾಪಿನಲ್ಲಿ ಸಿಕ್ಕಿತು. ಹುಡುಕಿದ ಆ ಅರ್ಧ ಗಂಟೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಮರುವಾರವೇ ನಾನು ನಿಯಮ ಮಾಡಿದೆ. ಪ್ರತಿ ಮಗುವಿನ ಜೊತೆ ದೊಡ್ಡವರೊಬ್ಬರು ಬರಬೇಕು, ಫಾರಂ ತುಂಬಬೇಕು. ಮಗುವಿನ ಕೊರಳಿಗೆ ಒಂದು ನಂಬರಿನ ಟೋಕನ್, ದೊಡ್ಡವರ ಕೈಗೆ ಅದೇ ನಂಬರಿನ ಇನ್ನೊಂದು. ಎರಡೂ ತಾಳೆಯಾದರೆ ಮಾತ್ರ ಮಗುವನ್ನು ಹೊರಗೆ ಬಿಡುವುದು. ನಿಯಮ ಕೆಟ್ಟದ್ದೆಂದು ನಾನು ಈಗಲೂ ಹೇಳುವುದಿಲ್ಲ.

ಆ ಹುಡುಗಿಗೆ ಹನ್ನೊಂದು ವರ್ಷ ಇರಬಹುದು. ಏಳು ಮತ್ತು ಐದು ವರ್ಷದ ಇಬ್ಬರು ತಮ್ಮಂದಿರನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕಾಮಾಕ್ಷಿಪಾಳ್ಯದ ಕಡೆಯಿಂದ ನಡೆದು ಬರುತ್ತಿದ್ದಳು. ಅವರು ಬೀದರ್ ಕಡೆಯವರು. ತಾಯಿ ಚಂದ್ರಾ ಲೇಔಟಿನ ಒಂದು ಪಿಜಿಯಲ್ಲಿ ಅಡುಗೆ ಮಾಡುತ್ತಿದ್ದರು, ಭಾನುವಾರವೇ ಅವರಿಗೆ ಹೆಚ್ಚು ಕೆಲಸ. ತಂದೆ ಲಾರಿಯ ಮೇಲೆ ಹೋದವರು ಬಂದಾಗ ಬಂದರು. ಒಳಗೆ ಬಂದ ಕೂಡಲೇ ಹುಡುಗಿ ತಮ್ಮಂದಿರ ಕೈಬಿಟ್ಟು, ಕಿಟಕಿಯ ಪಕ್ಕದ ಮೂಲೆಯಲ್ಲಿ ಕ್ರೇಯಾನ್ ಡಬ್ಬಿ ಹಿಡಿದು ಕೂತುಬಿಡುತ್ತಿದ್ದಳು. ಒಂದು ಗಂಟೆ ತಲೆ ಎತ್ತುತ್ತಿರಲಿಲ್ಲ. ತಮ್ಮಂದಿರು ಅತ್ತರೂ ತಿರುಗಿ ನೋಡುತ್ತಿರಲಿಲ್ಲ. ನಾನು ಒಂದೆರಡು ಸಲ ಗದರಿದ್ದೆ, ‘ಅಕ್ಕ ಅಂತ ಇರೋದ್ಯಾಕೆ, ಅವರನ್ನ ಸ್ವಲ್ಪ ನೋಡ್ಕೋಬಾರ್ದಾ?’ ವಾರದ ಏಳು ದಿನದಲ್ಲಿ ಆ ಒಂದೇ ಗಂಟೆ ಅವಳು ಯಾರನ್ನೂ ನೋಡಿಕೊಳ್ಳಬೇಕಾಗಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ನಿಯಮ ಬಂದ ಭಾನುವಾರ ಅವಳನ್ನು ಬಾಗಿಲಲ್ಲಿ ತಡೆದವಳು ನಾನೇ.

‘ಅಮ್ಮನ್ನ ಕರ್ಕೊಂಡ್ ಬಾಮ್ಮ. ದೊಡ್ಡೋರು ಒಬ್ರು ಇಲ್ದೆ ಒಳಗೆ ಬಿಡೋ ಹಾಗಿಲ್ಲ.’

‘ಅಮ್ಮ ಕೆಲಸಕ್ಕೆ ಹೋಗ್ತಾರೆ ಆಂಟಿ. ನಾನೇ ಕರ್ಕೊಂಡ್ ಹೋಗ್ತೀನಿ, ಇಷ್ಟ್ ದಿನ ನಾನೇ ಅಲ್ವಾ?’

‘ರೂಲ್ಸ್ ಅಂದ್ರೆ ಎಲ್ರಿಗೂ ಒಂದೇ ಕಣಮ್ಮ.’

ನಗುನಗುತ್ತಲೇ ಹೇಳಿದೆ, ಮೂವರ ಕೈಗೂ ಒಂದೊಂದು ಬನ್ನು ಕೊಟ್ಟೇ ಕಳಿಸಿದೆ. ಬನ್ನು ಕೊಟ್ಟೆನಲ್ಲ ಎಂದು ನನ್ನ ಮನಸ್ಸು ಹಗುರವಾಗಿತ್ತು. ಮುಂದಿನ ಎರಡು ವಾರವೂ ಅವರು ಬಂದು ಬಾಗಿಲಲ್ಲಿ ನಿಂತರು, ನಾನು ಅದನ್ನೇ ಹೇಳಿದೆ.

ನಾಲ್ಕನೇ ವಾರ ಅವಳ ಜೊತೆ ಒಬ್ಬ ಅಜ್ಜಿ ಬಂದರು. ಹಣೆಯ ಮೇಲೆ ಅಗಲವಾದ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದರು. ಫಾರಮನ್ನು ಹುಡುಗಿಯೇ ತುಂಬಿದಳು, ಸಂಬಂಧ ಎಂಬ ಜಾಗದಲ್ಲಿ ‘ಅಜ್ಜಿ’ ಎಂದು ದುಂಡಗೆ ಬರೆದಳು. ಅಜ್ಜಿ ಹೆಬ್ಬೆಟ್ಟೊತ್ತಿ ಮೂರು ಟೋಕನ್ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ತರಗತಿ ಮುಗಿಯುವವರೆಗೂ ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

ನನಗೆ ಹಿಡಿಸಲಾರದಷ್ಟು ಸಂತೋಷ. ಬೇರೆ ದೇವರನ್ನು ಪೂಜಿಸುವ ಅಜ್ಜಿಯೂ ಮೊಮ್ಮಕ್ಕಳನ್ನು ನಮ್ಮ ಕೋಣೆಗೆ ಕರೆತರುತ್ತಾರೆ, ಇದಕ್ಕಿಂತ ಇನ್ನೇನು ಬೇಕು ಎಂದು ಕಮಿಟಿಯ ಸಭೆಯಲ್ಲಿ ಹೇಳಿಕೊಂಡೆ. ತಡವಾಗಿ ಬರುವ ಬಸವೇಶ್ವರನಗರದ ತಾಯಂದಿರಿಗೆ ಆ ಅಜ್ಜಿಯನ್ನು ತೋರಿಸಿ, ನೋಡಿ ಕಲಿಯಿರಿ ಎಂದೆ. ಅವರಲ್ಲಿ ಒಂದಿಬ್ಬರು ಮುಖ ಮುಖ ನೋಡಿಕೊಂಡರು. ನಾನು ಅದನ್ನು ನಾಚಿಕೆ ಎಂದುಕೊಂಡೆ.

ಆ ಅಜ್ಜಿ ಮಕ್ಕಳಿಗೆ ಸಂಬಂಧಿಯೇ ಅಲ್ಲ, ನಮ್ಮ ಗೇಟಿನ ಪಕ್ಕದ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುವವರು. ಚರ್ಚಿನ ವಾಚ್‌ಮನ್‌ಗೆ ಗೊತ್ತಿತ್ತು, ಅಲ್ಲೇ ಸೊಪ್ಪು ಕೊಳ್ಳುವ ಹೆಂಗಸರಿಗೆ ಗೊತ್ತಿತ್ತು, ಮಕ್ಕಳಿಗೂ ಗೊತ್ತಿತ್ತು. ವರ್ಷಗಟ್ಟಲೆ ವಾರವಾರ ಅವರ ಮುಂದೆಯೇ ನಡೆದು ಹೋಗಿಯೂ ಒಮ್ಮೆಯೂ ಮುಖ ನೋಡದಿದ್ದವಳು ನಾನೊಬ್ಬಳೇ. ವ್ಯಾಪಾರ ಜೋರಾಗಿ ನಡೆಯುವ ಭಾನುವಾರ ಬೆಳಿಗ್ಗೆ ಅಜ್ಜಿ ಸೊಪ್ಪಿನ ಮೇಲೆ ಒದ್ದೆ ಬಟ್ಟೆ ಮುಚ್ಚಿಟ್ಟು ಬಂದು ಕೂರುತ್ತಿದ್ದರು.

ಗುಟ್ಟು ಹೊರಬಿದ್ದದ್ದು ಅಜ್ಜಿ ಬರತೊಡಗಿದ ಐದನೇ ವಾರ. ಚಿಕ್ಕ ಹುಡುಗನ ಮೂಗಿನಲ್ಲಿ ರಕ್ತ ಬಂತು. ನಾನು ತಲೆ ಹಿಂದಕ್ಕೆ ವಾಲಿಸಬೇಡ ಎನ್ನುತ್ತಾ ಮೂಗು ಒತ್ತಿ ಹಿಡಿದು, ಇವನಿಗೆ ಹೀಗೆ ಆಗಾಗ ಆಗುತ್ತದೆಯೇ ಎಂದು ಅಜ್ಜಿಯನ್ನು ಕೇಳಿದೆ. ಅವರು ಹುಡುಗಿಯ ಮುಖ ನೋಡಿದರು. ಅನುಮಾನವೇನೂ ಇಲ್ಲದೆ, ಮಾತಿಗೆ ಮಾತು ಎಂದು ಮತ್ತೆ ಕೇಳಿದೆ, ‘ನಿಮಗೆ ಇವನು ಮಗನ ಮಗನೋ ಮಗಳ ಮಗನೋ?’

‘ಮಗನ ಮಗ ಕಣವ್ವ’ ಎಂದರು ಅಜ್ಜಿ. ಅದೇ ಹೊತ್ತಿಗೆ ಹುಡುಗಿ, ‘ಅಮ್ಮನ ಅಮ್ಮ ಆಂಟಿ’ ಎಂದಳು.

ದೊಡ್ಡ ಮಕ್ಕಳು ನಕ್ಕುಬಿಟ್ಟರು. ಆ ನಗು ಕೇಳಿ ನನ್ನ ಮೈ ಉರಿದುಹೋಯಿತು. ಇಷ್ಟು ದಿನ ಇವರೆಲ್ಲ ಸೇರಿ ನನ್ನನ್ನು ಪೆದ್ದಿ ಮಾಡಿದರಲ್ಲ ಎಂಬುದೇ ತಲೆಯಲ್ಲಿ ತುಂಬಿತು. ಮಗುವಿನ ಮೂಗನ್ನು ಇನ್ನೊಬ್ಬ ಟೀಚರ್ ಕೈಗೆ ಕೊಟ್ಟು ಎದ್ದು ನಿಂತೆ.

‘ದೇವರ ಮನೇಲಿ ನಿಂತ್ಕೊಂಡು ಸುಳ್ಳು ಹೇಳ್ತೀಯಾ? ಇಷ್ಟ್ ಚಿಕ್ಕ ವಯಸ್ಸಿಗೆ ಯಾರಿಂದ ಕಲಿತೆ ಇದನ್ನ?’

ಮೂವತ್ತು ಮಕ್ಕಳ ಮುಂದೆ ಹಾಗೆ ಕೇಳಿದೆ. ಅವಳು ಕ್ರೇಯಾನನ್ನು ಡಬ್ಬಿಯೊಳಗೆ ಅದರ ಜಾಗದಲ್ಲೇ ಇಟ್ಟಳು. ಆಮೇಲೆ ಬಹಳ ಮೆಲ್ಲಗೆ, ‘ದೊಡ್ಡೋರು ಒಬ್ರು ಬೇಕು ಅಂದ್ರಲ್ಲ ಆಂಟಿ’ ಎಂದಳು.

‘ನಾನೇ ಬರ್ತೀನಿ ಅಂದಿದ್ದು ಕಣವ್ವ’ ಎಂದು ಅಜ್ಜಿ ಎದ್ದರು. ‘ಮೂರು ವಾರದಿಂದ ಬಾಗ್ಲು ಕಾಯ್ತಿದ್ವು ಈ ಮಕ್ಳು. ನೋಡಕ್ಕಾಗ್ಲಿಲ್ಲ.’

ವಯಸ್ಸಾದವರು ನೀವೇ ಹೀಗೆ ಮಾಡಿದರೆ ಹೇಗೆ ಎಂದು ಅವರಿಗೂ ಒಂದು ಪಾಠ ಹೇಳಿದೆ. ಅವರು ಸೆರಗಿನ ಗಂಟು ಬಿಚ್ಚಿ ಮೂರು ಟೋಕನ್ ಮೇಜಿನ ಮೇಲಿಟ್ಟರು. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಹುಡುಗಿಯ ಕೈಯಲ್ಲೇ ತಾಯಿಯ ನಂಬರ್ ಬರೆಸಿಕೊಂಡು, ಅವಳು ನೋಡುತ್ತಿರುವಾಗಲೇ ಫೋನ್ ಮಾಡಿದೆ. ಕುಕ್ಕರಿನ ಸದ್ದಿನ ನಡುವೆ ಆ ತಾಯಿ ಎಲ್ಲದಕ್ಕೂ ಹೂಂರಿ, ಹೂಂರಿ ಎಂದರು.

ಮುಂದಿನ ಭಾನುವಾರ ತಾಯಿ ಬಂದರು. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು. ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಎರಡು ಕಡೆ ಇಬ್ಬರು ಗಂಡುಮಕ್ಕಳು. ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ತೆಗೆದು ನನ್ನ ಮೇಜಿನ ಮೇಲೆ ಹರಡಿದರು.

‘ನಾನ ಇವರ ಅವ್ವರೀ ಮೇಡಂ. ಆಧಾರ್ ಕಾರ್ಡ್ ತಂದೀನಿ, ರೇಷನ್ ಕಾರ್ಡೂ ಐತಿ. ನೋಡ್ರಿ.’

ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ತನ್ನವೇ ಎಂದು ತೋರಿಸಲು ರಜೆ ಕೇಳಿ ಬಂದಿದ್ದರು. ಕಾಗದ ಬೇಡವೆಂದು ಹಿಂದಕ್ಕೆ ಸರಿಸಿ, ಮಗಳು ಎಲ್ಲಿ ಎಂದು ಕೇಳಿದೆ.

‘ಆಕಿನ್ನ ಮನ್ಯಾಗ ಬಿಟ್ಟು ಬಂದೀನ್ರಿ. ಛಲೋ ಬಡದೀನಿ. ದೇವರ ಮನ್ಯಾಗ ಸುಳ್ಳು ಹೇಳಾಕಿ ಇಲ್ಲಿಗ್ಯಾಕ ಬರಬೇಕ್ರಿ? ನೀವು ಫೋನ್ ಮಾಡಿದ್ದು ಭಾಳ ಉಪಕಾರ ಆತು.’ ಹಾಗೆಂದು ಅವರು ನನಗೆ ಕೈ ಮುಗಿದರು.

ತಪ್ಪು ನನ್ನದು, ಆ ಮಗುವಿನ ಮೇಲೆ ಕೈ ಮಾಡಬೇಡಿ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಬಾಗಿಲಲ್ಲಿ ಬೇರೆ ತಾಯಂದಿರು ಸಾಲಾಗಿ ನಿಂತಿದ್ದರು, ಅವರ ಕಿವಿಗೆ ಬೀಳುತ್ತದಲ್ಲ ಎಂದು ಅಳುಕಿದೆ. ಎರಡು ಟೋಕನ್ ಅವರ ಕೈಗಿಟ್ಟು, ಫಾರಮಿನಲ್ಲಿ ‘ಅಜ್ಜಿ’ ಎಂಬುದನ್ನು ಹೊಡೆದು ‘ತಾಯಿ’ ಎಂದು ಬರೆದುಕೊಂಡೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತಿ ಹೇಡಿ ಕೆಲಸ ಅದು.

ನಿಯಮ ಬದಲಿಸುವುದು ಎಷ್ಟು ಸುಲಭವಿತ್ತು ಎಂದರೆ, ನೆನೆದರೆ ಈಗ ಸಿಟ್ಟು ಬರುತ್ತದೆ. ಅಪ್ಪ ಅಮ್ಮ ಫೋನಿನಲ್ಲಿ ಒಪ್ಪಿದರೆ ಅಕ್ಕನೋ ಅಣ್ಣನೋ ಕರೆದುಕೊಂಡು ಬರಬಹುದು, ನಮ್ಮಲ್ಲೊಬ್ಬರು ಅವರನ್ನು ಮನೆಯವರೆಗೆ ಬಿಟ್ಟು ಬರುವುದು. ಕಮಿಟಿಯಲ್ಲಿ ಎರಡು ನಿಮಿಷವೂ ಹಿಡಿಯಲಿಲ್ಲ. ಇದನ್ನು ಮೊದಲೇ ಯೋಚಿಸಬಹುದಿತ್ತಲ್ಲ ಎಂದು ಪಾಸ್ಟರ್ ಕೇಳಿದರು. ನಾನು ಲೆಕ್ಕದ ಟೀಚರ್, ನನಗೇ ಹೊಳೆಯಬೇಕಿತ್ತು.

ಅದಾದ ಮೇಲೆ ಹುಡುಗಿಯೇ ತಮ್ಮಂದಿರನ್ನು ಕರೆತರಲು ಶುರುಮಾಡಿದಳು. ಆದರೆ ಗೇಟಿನ ಒಳಗೆ ಕಾಲಿಡಲಿಲ್ಲ. ಕರೆತಂದು ಬಿಡು, ನೀನು ಒಳಗೆ ಹೋಗಕೂಡದು ಎಂದು ತಾಯಿ ಕಟ್ಟಪ್ಪಣೆ ಮಾಡಿದ್ದರಂತೆ. ಚಿಕ್ಕವನು ಹೇಳಿದ. ತಮ್ಮಂದಿರು ಒಳಗೆ ಓಡಿದ ಮೇಲೆ ಅವಳು ಅಜ್ಜಿಯ ಗೋಣಿಚೀಲದ ಅಂಚಿನಲ್ಲಿ ಕೂತು ಕೊತ್ತಂಬರಿ ಕಟ್ಟು ಬಿಡಿಸಿ ಸಣ್ಣ ಕಟ್ಟು ಮಾಡಿಕೊಡುತ್ತಿದ್ದಳು. ಕಿಟಕಿಯಿಂದ ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ಸಲ ಹಾಳೆಯನ್ನೂ ಕ್ರೇಯಾನ್ ಡಬ್ಬಿಯನ್ನೂ ತಮ್ಮನ ಕೈಯಲ್ಲಿ ಕಳಿಸಿದೆ. ಅವನು ಹಾಗೇ ವಾಪಸ್ ತಂದ.

‘ಅಕ್ಕ ಬೇಡ ಅಂದ್ಲು ಆಂಟಿ.’

ತಾಯಿಗೆ ಫೋನ್ ಮಾಡಿ ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಇವತ್ತು ಅವರಿಗೆ ಕೆಲಸವಿರುತ್ತದೆ, ನಾಳೆ ಮಾಡೋಣ ಎಂದು ಮೂರು ವಾರ ತಳ್ಳಿದೆ. ದೂರು ಹೇಳಲು ಫೋನ್ ಮಾಡಿದಾಗ ಅವರ ಕೆಲಸ ನನಗೆ ಅಡ್ಡ ಬಂದಿರಲಿಲ್ಲ.

ಕೊನೆಗೆ ಒಂದು ಶನಿವಾರ ಅಜ್ಜಿಯ ಹತ್ತಿರ ಹೋದೆ. ಬೇಡದಿದ್ದರೂ ನಾಲ್ಕು ಕಟ್ಟು ಮೆಂತ್ಯ ತೆಗೆದುಕೊಂಡು, ಅವತ್ತು ನಿಮಗೆ ಹಾಗೆ ಅನ್ನಬಾರದಿತ್ತು ಎಂದು ತೊದಲಿದೆ. ಅಜ್ಜಿ ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಇದ್ದರು.

‘ನಂಗೇನವ್ವ, ನಾನು ಮುದುಕಿ. ಆ ಮಗೀನ ಬೈದಿದ್ದು ಎಲ್ಲಾ ಮಕ್ಳ ಮುಂದೆ. ಇಲ್ಲಿ ಸೊಪ್ಪಿನ ಮುಂದೆ ನಿಂತು ನಂಗ್ ಹೇಳಿದ್ರೆ ಅದಕ್ಕೇನ್ ಬಂತು?’

ಮರುದಿನ ಮಕ್ಕಳೆಲ್ಲ ಕೂತ ಮೇಲೆ, ಇವತ್ತು ಹಾಡು ಆಮೇಲೆ, ನಾನು ನಿಮ್ಮೆಲ್ಲರ ಮುಂದೆ ಒಬ್ಬರಿಗೆ ಒಂದು ಮಾತು ಹೇಳಬೇಕು ಎಂದೆ. ಅವಳನ್ನು ಕೈ ಹಿಡಿದು ಒಳಗೆ ಕರೆತರುವುದು, ಅವಳು ಅಮ್ಮನಿಗೆ ಹೆದರಿದರೆ ಅಲ್ಲೇ ನಿಂತು ತಾಯಿಗೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳುವುದು, ಹೀಗೆಲ್ಲ ಯೋಚಿಸಿಕೊಂಡು ಹೊರಟೆ. ಫೋನ್ ಕೈಯಲ್ಲೇ ಇತ್ತು. ಅಂಗಳ ದಾಟಿ ಗೇಟಿನ ಕಡೆಗೆ ಬರುತ್ತಿದ್ದ ನನ್ನನ್ನು ಅವಳು ನೋಡಿದಳು, ಕೈಯಲ್ಲಿದ್ದ ಫೋನನ್ನೂ ನೋಡಿದಳು. ಮಡಿಲಲ್ಲಿದ್ದ ಕೊತ್ತಂಬರಿ ಕೆಳಗೆ ಬೀಳುವ ಹಾಗೆ ಎದ್ದು, ಗೋಣಿಚೀಲದಿಂದ ಎರಡು ಹೆಜ್ಜೆ ಹಿಂದಕ್ಕೆ ರಸ್ತೆಯ ಕಡೆಗೆ ಸರಿದು ನಿಂತಳು.

‘ನಾನು ಗೇಟ್ ಒಳಗೆ ಕಾಲೇ ಇಟ್ಟಿಲ್ಲ ಆಂಟಿ’ ಎಂದಳು. ‘ಬೇಕಾದ್ರೆ ಅಜ್ಜೀನ ಕೇಳಿ. ಅಮ್ಮಂಗೆ ಫೋನ್ ಮಾಡ್ಬೇಡಿ.’