ಊರುಗೋಲಿನ ಅಳತೆಗೆ ಒಂದು ಗಾಡಿ

ಯುನೀಸ್ ಚಿಕ್ಕಮ್ಮ ಗಾಡಿ ಕೊಳ್ಳುತ್ತಾಳಂತೆ ಎನ್ನುವ ಸುದ್ದಿ ಪೇಟೆ ಮುಟ್ಟುವುದಕ್ಕೆ ಅರ್ಧ ದಿನವೂ ಹಿಡಿಯಲಿಲ್ಲ. ನಮ್ಮ ನಾರ್ಫೋಕ್ ದ್ವೀಪದಲ್ಲಿ ಹೊಸ ಗಾಡಿ ಎಂದರೆ ಮದುವೆಗಿಂತ ಒಂದು ಗುಲಗಂಜಿ ಹೆಚ್ಚು. ಮದುವೆಗೆ ಗಂಡೋ ಹೆಣ್ಣೋ ಇಲ್ಲೇ ಸಿಕ್ಕಾರು. ಗಾಡಿ ಮಾತ್ರ ಸಮುದ್ರದಾಚೆಯಿಂದಲೇ ಬರಬೇಕು, ಅದೂ ಓಡಿಸಿ ನೋಡದೆ, ಬರೀ ಚಿತ್ರ ನಂಬಿ. ಹಡಗು ತನಗೆ ಮನಸ್ಸು ಬಂದಾಗ ಬರುತ್ತದೆ. ಬಂದದ್ದು ಒಗ್ಗದಿದ್ದರೆ ವಾಪಸು ಕಳಿಸುವ ಮಾತೇ ಇಲ್ಲ, ಅದರ ಜೊತೆ ಬಾಳಬೇಕು.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಗಿಡ್ಡ ಆಳು, ದೊಡ್ಡ ದನಿ. ತೋಟದ ಕೆಸರಿಗೆ ರಬ್ಬರ್ ಬೂಟು ಹಾಕಿದರೂ ತುಟಿಗೆ ಕೆಂಪು ತಪ್ಪಿಸುವವಳಲ್ಲ. ಶಾಲೆಯ ಅಡುಗೆಮನೆಯಲ್ಲಿ ಇಡೀ ಒಂದು ತಲೆಮಾರಿಗೆ ಉಣಬಡಿಸಿದವಳು. ಈಗ ನಾನು ಬೆಳಗಿನ ಹೊತ್ತು ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಹೋದರೆ ನನ್ನ ಎರಡು ವರ್ಷದ ಪಿಪ್‌ಳನ್ನು ನೋಡಿಕೊಳ್ಳುವವಳೂ ಅವಳೇ. ನಲವತ್ತು ದಾಟಿದ ಮೇಲೆ ಗಾಡಿ ಕಲಿತದ್ದು, ಹುಲ್ಲುಗಾವಲಲ್ಲಿ. "ಹಸುಗಳನ್ನೇ ಪೊಲೀಸ್ ಅಂದ್ಕೊಂಡು ಕಲ್ತೆ ಕಣೇ. ಇವತ್ತಿಗೂ ಪೊಲೀಸ್ ಕಂಡ್ರೆ ಹುಲ್ಲು ಹಾಕೋಣ ಅನ್ಸುತ್ತೆ," ಎನ್ನುತ್ತಾಳೆ.

ಅವಳ ಗಂಡ ಗಿಲ್ಬರ್ಟ್ ಚಿಕ್ಕಪ್ಪ ದೋಣಿಯಾಳು. ನಮ್ಮ ದಡಕ್ಕೆ ಹಡಗು ತಾಗುವುದಿಲ್ಲ, ದೂರದಲ್ಲೇ ನಿಲ್ಲುತ್ತದೆ. ಅಕ್ಕಿ, ಸಿಮೆಂಟು, ಫ್ರಿಜ್ಜು ಎಲ್ಲ ದೋಣಿಯಲ್ಲಿ ಬರಬೇಕು. ಗಾಡಿಯಾದರೆ ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ, ಅದರ ಮೇಲೆ ಅಡ್ಡಲಾಗಿ ಕೂರಿಸಿ ತರಬೇಕು. ಈ ಊರಿನಲ್ಲಿ ಓಡುವ ಅರ್ಧ ಗಾಡಿಗಳನ್ನು ಹಾಗೆ ದಡ ಮುಟ್ಟಿಸಿದ ಕೈ ಅವರದು. ಹೋದ ವರ್ಷ ಲಕ್ವ ಹೊಡೆದು ಎಡಗೈ ಎಡಗಾಲು ಸೋತವು. ಹಳೆಯ ತಗ್ಗು ಕಾರಿನಲ್ಲಿ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ. ಎಬ್ಬಿಸಲು ಇಬ್ಬರು ಬೇಕು. ಒಂದು ಭಾನುವಾರ ಚರ್ಚಿನ ಮುಂದೆ ಇಬ್ಬರು ಹುಡುಗರು ಅವರನ್ನು ಕಂಕುಳಿಗೆ ಕೈ ಕೊಟ್ಟು ಎಳೆದರು. ಚಿಕ್ಕಪ್ಪ ನೆಟ್ಟಗೆ ನಿಂತು, ಬಟ್ಟೆ ಕೊಡವಿಕೊಂಡು, "ನಾನೇನು ಸರಕೇನ್ರೋ?" ಎಂದರು. ಅಷ್ಟೇ. ಆಮೇಲೆ ಮನೆ ಬಿಟ್ಟು ಹೊರಡಲಿಲ್ಲ. ಚರ್ಚಿಲ್ಲ, ದೋಣಿಕಟ್ಟೆಯಿಲ್ಲ, ಆಸ್ಪತ್ರೆಯ ವ್ಯಾಯಾಮವೂ ಇಲ್ಲ. ವ್ಯಾಯಾಮ ಬಿಟ್ಟರೆ ಇರುವ ಶಕ್ತಿಯೂ ಹೋಗುತ್ತದೆ ಎಂದು ನರ್ಸಮ್ಮ ಎರಡು ಸಲ ಮನೆಗೇ ಬಂದು ಹೇಳಿಹೋದರು.

ಚಿಕ್ಕಮ್ಮ ಅಳಲಿಲ್ಲ, ಕೂಗಾಡಲೂ ಇಲ್ಲ. ಮನೆಯಲ್ಲಿದ್ದ ಕುರ್ಚಿ, ಸ್ಟೂಲು, ಮಂಚ, ಎಲ್ಲದರ ಮೇಲೂ ಚಿಕ್ಕಪ್ಪನನ್ನು ಕೂರಿಸಿದಳು. ಯಾವ ಎತ್ತರದಲ್ಲಿ ಅವರು ಯಾರ ಕೈಯನ್ನೂ ಹಿಡಿಯದೆ ಕೂತು ಏಳುತ್ತಾರೋ ಆ ಎತ್ತರಕ್ಕೆ ಅವರ ಊರುಗೋಲಿಗೆ ನೀಲಿ ಟೇಪು ಸುತ್ತಿದಳು.

"ಗಾಡಿ ಸೀಟು ಇಲ್ಲಿಗೆ ಬರ್ಬೇಕು. ಮಿಕ್ಕಿದ್ದೆಲ್ಲ ಆಮೇಲೆ," ಎಂದಳು.

ಶನಿವಾರದ ಸಂತೆಯ ದಿನ ನಾವು ಮೂವರು ಹೊರಟೆವು: ಚಿಕ್ಕಮ್ಮ, ನಾನು, ನನ್ನ ಸೊಂಟದ ಮೇಲೆ ಪಿಪ್. ಇಲ್ಲಿ ಯಾರೂ ಗಾಡಿಗೆ ಬೀಗ ಹಾಕುವುದಿಲ್ಲ, ಕೀ ಒಳಗೇ ಇರುತ್ತದೆ. ಹಾಗಾಗಿ ಸಂತೆಯ ಸಾಲಿನುದ್ದಕ್ಕೂ ಒಂದೊಂದೇ ಬಾಗಿಲು ತೆರೆಯುವುದು, ಸೀಟಿಗೆ ಕೋಲು ಹಿಡಿಯುವುದು, ತಲೆ ಅಲ್ಲಾಡಿಸುವುದು.

"ಏನ್ ಯುನೀಸ್, ನನ್ನ ಗಾಡಿಗೆ ಲಂಗ ಹೊಲೀತೀಯಾ?" ಎಂದು ಬಾಳೆಹಣ್ಣಿನ ರಾಶಿಯ ಹಿಂದಿನಿಂದ ಒಬ್ಬ ಕೂಗಿದ.

"ಲಂಗ ಯಾಕೋ? ತುಕ್ಕು ನೋಡಿದ್ರೆ ಹೆಣದ ಬಟ್ಟೆನೇ ಹೊಲೀಬೇಕು!"

ದೊಡ್ಡ ಬೆಟ್ಟ ಹತ್ತುವ ಗಾಡಿಗಳಲ್ಲಿ ನೀಲಿ ಟೇಪು ಸೀಟಿನ ಎಷ್ಟೋ ಕೆಳಗೆ ಉಳಿಯಿತು. ಹತ್ತಲು ಏಣಿಯೇ ಬೇಕು. ಚಿಕ್ಕ ಕಾರುಗಳಲ್ಲಿ ಟೇಪು ಸೀಟಿನಿಂದ ಮೇಲಕ್ಕೆ ಹೋಯಿತು. ನಡುವಿನವು, ಮಧ್ಯಮ ಗಾತ್ರದ ಎಸ್‌ಯುವಿಗಳು, ಹತ್ತಿರ ಬಂದವು. ಅಷ್ಟರಲ್ಲಿ ಮೆಕ್ಯಾನಿಕ್ ಕೋಳಿ ನಮ್ಮ ಬೆನ್ನಿಗೆ ಬಿದ್ದ. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ, ಫೋನ್ ಪುಸ್ತಕದಲ್ಲೂ ಅವನು ಕೋಳಿಯೇ.

"ಯುನೀಸಕ್ಕ, ಸೀಟು ನೀನು ನೋಡ್ಕೋ, ಎಂಜಿನ್ ನನಗೆ ಬಿಡು. ಊರಲ್ಲಿ ಈಗಾಗಲೇ ನಾಲ್ಕಾರು ಇರೋ ಜಾತಿದೇ ತಗೋ. ಒಂದು ಕೆಟ್ರೆ ಇನ್ನೊಂದರ ಮೂಳೆ ಕಿತ್ತು ಹಾಕ್ತೀನಿ. ಹಡಗಿಗೆ ಕಾಯೋದು ಬೇಡ."

"ಯಾರ ಮೂಳೆ ಕೀಳ್ತೀಯೋ?"

"ಯಾರು ನಂಗೆ ದುಡ್ಡು ಕೊಟ್ಟಿಲ್ವೋ ಅವರದು!"

ಬಟ್ಟೆ ಅಂಗಡಿಯ ಗೇನರ್‌ಳ ಬೆಳ್ಳಿ ಬಣ್ಣದ ಗಾಡಿ ಅಂಥದೇ ಜಾತಿಯದು, ಹೊಚ್ಚಹೊಸದು. ಚಿಕ್ಕಮ್ಮ ಎಡಗಡೆಯ ಬಾಗಿಲು ತೆರೆದು ಕೋಲು ನಿಲ್ಲಿಸಿದಳು. ಟೇಪಿನ ಅಂಚು, ಸೀಟಿನ ಅಂಚು, ಒಂದೇ ಗೆರೆ! ಅವಳು ಕೂಗಿದ ಕೂಗಿಗೆ ಪಿಪ್ ಬೆಚ್ಚಿ ನನ್ನ ಕತ್ತು ತಬ್ಬಿದಳು. ಗೇನರ್ ಅಂಗಡಿಯಿಂದ ಓಡಿಬಂದು, ವಿಷಯ ತಿಳಿದು, "ಸೋಮವಾರ ತಗೊಂಡ್ಹೋಗೇ, ಅವನನ್ನ ಕೂರಿಸಿ ನೋಡು. ಸಂಜೆವರೆಗೂ ನಂಗೆ ಬೇಡ," ಎಂದಳು. ಬರಲಿರುವ ಹಡಗಿಗೆ ಗಾಡಿ ಹತ್ತಬೇಕಾದರೆ ಸಿಡ್ನಿಯ ಗಾಡಿ ಅಂಗಡಿಗೆ ಸೋಮವಾರ ಸಂಜೆಯೊಳಗೇ ಹೇಳಬೇಕಿತ್ತು.

ಸೋಮವಾರ ನನಗೆ ರಜೆ. ಬೆಳಗ್ಗೆ ಗೇನರ್‌ಳ ಗಾಡಿ ಅಂಗಳಕ್ಕೆ ತಂದರೆ ಚಿಕ್ಕಪ್ಪ ಬಾಗಿಲಲ್ಲೇ ನಿಂತು, "ನಾನು ಬರಲ್ಲ," ಎಂದರು.

"ಬರ್ಬೇಡ. ಸುಮ್ನೆ ಕೂತು ನೋಡು. ಹಿಡಿಸ್ಲಿಲ್ಲ ಅಂದ್ರೆ ಇಳಿ, ನಾನೊಬ್ಳೇ ಹೋಗ್ತೀನಿ. ಇಂಥ ಗಾಡೀಲಿ ಹೋದ್ರೆ ದಾರೀಲಿ ಯಾರಾದ್ರೂ ಚೆಲುವ ಸಿಕ್ಕೇ ಸಿಗ್ತಾನೆ."

ಚಿಕ್ಕಪ್ಪ ಮೂಗಿನಲ್ಲೇ ನಕ್ಕರು. ಬೆನ್ನು ತಿರುಗಿಸಿ ಸೀಟಿಗೆ ಒರಗಿದರು. ಬಲಗೈಯಲ್ಲಿ ಬಾಗಿಲ ಕಂಬದ ಹಿಡಿ ಹಿಡಿದರು, ಬಲಗಾಲು ಒಳಗೆ ತಂದರು, ಎಡಗಾಲನ್ನು ಕೈಯಿಂದಲೇ ಎತ್ತಿ ಇಟ್ಟುಕೊಂಡರು. ಕೂತರು! ಯಾರೂ ಮುಟ್ಟಲಿಲ್ಲ. ಚಿಕ್ಕಮ್ಮ ಆಚೆ ತಿರುಗಿ ಅಂಗಳದಲ್ಲಿ ಮೇಯುತ್ತಿದ್ದ ಕೋಳಿಗಳನ್ನು ಸುಮ್ಮಸುಮ್ಮನೆ ಗದರಿದಳು. ನನಗೆ ಪಿಪ್‌ಳ ಸೀಟಿನ ಬೆಲ್ಟು ಕಣ್ಣಿಗೇ ಕಾಣಲಿಲ್ಲ, ಮೂರು ಸಲ ಹಾಕಿದೆ.

ಆಸ್ಪತ್ರೆಯ ಬಾಗಿಲಲ್ಲಿ ಎಂಜಿನ್ ಆರಿಸದೆಯೇ ಅವರನ್ನು ವ್ಯಾಯಾಮಕ್ಕೆ ಇಳಿಸಿದೆವು. ಇಳಿದದ್ದೂ ಅವರೇ. ಬಾಗಿಲು ಹಾಕಿದ್ದೇ ಗಾಡಿ ಪೀಂ ಪೀಂ ಎಂದಿತು.

"ಇದ್ಯಾಕೆ ಅಳ್ತಿದೆ?" ಎಂದೆ.

"ಅಳು ಅಲ್ವೇ, ಅದಕ್ಕೂ ಖುಷಿ!" ಎಂದ ಚಿಕ್ಕಮ್ಮ ನೇರ ಕಡಲ ಬದಿಯ ಕಿಂಗ್‌ಸ್ಟನ್ನಿನ ಇಳಿಜಾರಿಗೆ ಗಾಡಿ ಬಿಟ್ಟಳು. ಸಮುದ್ರದ ಗಾಳಿ ಕಿಟಕಿಯಿಂದ ನುಗ್ಗುತ್ತಿತ್ತು. ಪಿಪ್ ಕೇಕೆ ಹಾಕುತ್ತಿದ್ದಳು. ಇಳಿಜಾರಿನ ಕೊನೆಯಲ್ಲಿ ಹಸುಗಳ ಹಿಂಡು ರಸ್ತೆಯ ಮೇಲೆ ಮಲಗಿ ಮೆಲುಕು ಹಾಕುತ್ತಿತ್ತು. ಅವುಗಳನ್ನು ಎಬ್ಬಿಸುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ಪೆಟ್ರೋಲ್ ಉಳಿಯಲಿ ಎಂದು ಚಿಕ್ಕಮ್ಮ ಎಂಜಿನ್ ಆರಿಸಿದಳು.

ಹಸುಗಳು ಎದ್ದುಹೋದವು. ಗಾಡಿ ಏಳಲಿಲ್ಲ. ಗುಂಡಿ ಒತ್ತಿದರೆ 'ಕೀ ಕಾಣುತ್ತಿಲ್ಲ' ಎಂಬ ಅಕ್ಷರ ಮಿನುಗಿತು.

"ಎಲ್ಲರ ಹಾಗೆ ಗಾಡೀಲೇ ಇಟ್ಟಿದ್ದಾಳಲ್ಲ ಗೇನರ್? ಬೆಳಗ್ಗೆ ಈ ಲೋಟದ ಗುಳೀಲಿ ಕಪ್ಪಗೆ ಸೋಪಿನ ಬಿಲ್ಲೆ ಹಾಗೆ ಇತ್ತು," ಎಂದಳು ಚಿಕ್ಕಮ್ಮ.

ಸೀಟಿನಡಿ ಹುಡುಕಿದೆವು, ಪಿಪ್‌ಳ ಬಾಯಲ್ಲೂ ಬೆರಳಾಡಿಸಿ ನೋಡಿದೆ. ಹಿಂದೆ ಗಾಡಿಗಳು ಸಾಲುಗಟ್ಟಿದವು. ಮೂರನೆಯದು ಕೋಳಿಯದು.

"ಯುನೀಸಕ್ಕ, ಹಸುಗಳೇ ಎದ್ದುಹೋದ್ವು, ನೀನ್ಯಾಕೆ ಇನ್ನೂ ಮಲಗಿದೀಯ?"

"ಬಾಯ್ ಮುಚ್ಕೊಂಡು ನೋಡೋ!"

ಅವನು ನೋಡಿದ, ಕೇಳಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಓಡುತ್ತಿರುವಾಗ ಈ ಗಾಡಿಗೆ ಕೀ ಬೇಡವಂತೆ, ಒಮ್ಮೆ ಆರಿಸಿದರೆ ಹತ್ತಿರದಲ್ಲಿ ಕೀ ಇದ್ದರೆ ಮಾತ್ರ ಮತ್ತೆ ಏಳುವುದಂತೆ. "ಪೀಂ ಪೀಂ ಅಂತಲ್ಲ? ಅದು ನನ್ನ ಕೀ ಇಳಿದು ಹೋಯ್ತು ಅಂತ ಬೊಬ್ಬೆ ಹೊಡೆದದ್ದು. ಯಾರು ಇಳಿದ್ರು?"

ಗಾಡಿಯನ್ನು ಬದಿಗೆ ತಳ್ಳಿ, ಕೋಳಿಯ ಗಾಡಿಯಲ್ಲಿ ಆಸ್ಪತ್ರೆಗೆ ಓಡಿದೆವು. ಚಿಕ್ಕಪ್ಪ ಬೆವರುತ್ತ ಸರಳು ಹಿಡಿದು ನಡೆಯುತ್ತಿದ್ದರು. ಅಂಗಿಯ ಜೇಬು ಉಬ್ಬಿತ್ತು. ಚಿಕ್ಕಮ್ಮ ಕೈಹಾಕಿ ಕಪ್ಪು ಬಿಲ್ಲೆ ಹೊರತೆಗೆದಳು.

"ಅಯ್ಯೋ, ಇದಾ? ನನ್ನ ಕಿವಿಯಂತ್ರದ ಡಬ್ಬಿ ಅಂದ್ಕೊಂಡು ಇಟ್ಕೊಂಡೆ," ಎಂದರು ಚಿಕ್ಕಪ್ಪ. ಕಿವಿಯಂತ್ರ ಮನೆಯಲ್ಲೇ ಉಳಿದಿತ್ತು, ಹಾಗಾಗಿ ಗಾಡಿಯ ಬೊಬ್ಬೆಯೂ ಅವರಿಗೆ ಕೇಳಿರಲಿಲ್ಲ.

ನಾವೆಲ್ಲ ನಕ್ಕೆವು. ಆದರೆ ಚಿಕ್ಕಮ್ಮ ನಗು ನಿಲ್ಲಿಸಿ ಬಿಲ್ಲೆಯನ್ನೇ ನೋಡುತ್ತ ನಿಂತಳು. "ಇದು ಆಗಲ್ಲ. ನಾನು ತೋಟದಲ್ಲೆಲ್ಲೋ ಇರ್ತೀನಿ, ಇವನಿಗೆ ಹುಷಾರು ತಪ್ಪುತ್ತೆ, ಪಕ್ಕದ ಮನೆಯವರು ಓಡಿ ಬರ್ತಾರೆ. ಆಗ ಕೀ ನನ್ನ ಜೇಬಲ್ಲಿದ್ರೆ? ಯಾರು ಬಂದ್ರೂ ಹತ್ತಿ ಹೊರಡೋ ಹಾಗಿರ್ಬೇಕು. ನಂಗೆ ಅದೇ ನಂಬಿಕೆಯ ಗಾಡಿ."

"ಇದೇ ಜಾತೀಲಿ ಕೆಳಗಿನ ದರ್ಜೆಯದು ಬರುತ್ತೆ," ಎಂದ ಕೋಳಿ. "ಅದೇ ಮೈ, ಅದೇ ಎಂಜಿನ್. ತಿರುಗಿಸೋ ಕೀ. ಆದ್ರೆ ಒಂದು ಮಾತು: ಗೇನರ್ ಗಾಡಿ ಸೀಟು ಗುಂಡಿ ಒತ್ತಿದ್ರೆ ಮೇಲೇಳುತ್ತೆ. ಅವಳು ಎಬ್ಬಿಸಿ ಇಟ್ಟಿದ್ದಾಳೆ. ಕೆಳಗಿನ ದರ್ಜೇಲಿ ಆ ಸೀಟು ಇದ್ದಲ್ಲೇ ಇರುತ್ತೆ."

ಚಿಕ್ಕಪ್ಪ ಮಾತು ಹಿಡಿಯಲು ನಮ್ಮ ಬಾಯಿಯನ್ನೇ ನೋಡುತ್ತಿದ್ದರು. ನಾನು ಸಿಡ್ನಿಗೆ ಫೋನ್ ಹಚ್ಚಿದೆ.

"ಸ್ವಾಮಿ, ಒಂದು ಉಪಕಾರ. ಅಳತೆ ಟೇಪು ತಗೊಂಡು ಹೋಗಿ ನೆಲದಿಂದ ಎಡಗಡೆ ಸೀಟಿನ ತನಕ ಅಳೆದು ಹೇಳ್ತೀರಾ?"

"ಏನು? ಎಲ್ಲರೂ ಮೈಲೇಜ್ ಕೇಳ್ತಾರೆ ಮೇಡಂ."

"ನಮ್ಮ ಊರು ಹತ್ತು ನಿಮಿಷಕ್ಕೆ ಮುಗಿಯುತ್ತೆ, ಮೈಲೇಜ್ ಕಟ್ಕೊಂಡು ಏನ್ ಮಾಡ್ಲಿ? ನೀವು ಸೀಟು ಅಳೀರಿ."

ಅವನು ಹೋಗಿ ಅಳೆದ. ಆಸ್ಪತ್ರೆಯ ಟೇಪಿನಿಂದ ನಾವು ಊರುಗೋಲಿನ ಮೇಲೆ ಗುರುತು ಹಾಕಿದೆವು. ನೀಲಿ ಟೇಪಿಗಿಂತ ಎರಡು ಬೆರಳು ಕೆಳಗೆ.

ಚಿಕ್ಕಮ್ಮನ ಕೆಂಪು ತುಟಿ ಬಿಗಿಯಿತು. "ದಿಂಬು ಹಾಕಿದ್ರೆ?" ಎಂದೆ ನಾನು. "ದಿಂಬು ಜಾರುತ್ತೆ ಕಣೇ, ಇವನೂ ಜೊತೆಗೆ ಜಾರ್ತಾನೆ," ಎಂದಳು.

ಚಿಕ್ಕಪ್ಪ ಕೋಲು ಈಸಿಕೊಂಡರು. ಹೊಸ ಗುರುತನ್ನು ಹೆಬ್ಬೆರಳಿನಿಂದ ತಡವಿದರು. "ನನ್ನ ತಿಕದ ಅಳತೆ ನೀವೆಲ್ಲ ಸೇರಿ ಸಿಡ್ನಿಗೆ ಫೋನ್ ಮಾಡಿ ಕೇಳಿದ್ರಿ. ನನ್ನ ಕೇಳಿದ್ರಾ? ಆ ಎತ್ತರಕ್ಕೊಂದು ಪೀಠ ಮಾಡ್ರೋ."

ನರ್ಸಮ್ಮ ಗಟ್ಟಿಯಾದೊಂದು ಬೆಂಚು ತಂದರು. ಕೋಳಿ ಅದರ ಮೇಲೆ ಹಲಗೆ ಜೋಡಿಸಿ, ಅಲುಗದಂತೆ ಬಿಗಿದು, ಸರಿಯಾಗಿ ಆ ಗುರುತಿಗೆ ತಂದ. ಚಿಕ್ಕಪ್ಪ ಕೂತರು. ಏಳಹೋದರು, ಅರ್ಧಕ್ಕೇ ಕುಸಿದರು. ಚಿಕ್ಕಮ್ಮನ ಕೈ ಮುಂದೆ ಬಂತು. "ಟಿಂಟೂಲ, ಕೈ ಹಿಂದಕ್ಕೆ," ಎಂದರು. ಮದುವೆಯಾದಾಗಿನಿಂದ ಅವಳನ್ನು ಮುದ್ದಿಗೆ ಕರೆಯುವುದೇ ಹಾಗೆ. ಲಕ್ವ ಹೊಡೆದ ಮೇಲೆ ಆ ಹೆಸರು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಎರಡನೆಯ ಸಲವೂ ಕುಸಿದರು. ಉಸಿರು ಬಿಟ್ಟರು. ಪಿಪ್ ನನ್ನ ತೋಳಿನಿಂದ ಜಾರಿ ಅವರ ಮುಂದೆ ನಿಂತು, ತಾನೂ ಕೂತು ಎದ್ದು ತೋರಿಸಿದಳು. "ಹಾಗಾ?" ಎಂದ ಚಿಕ್ಕಪ್ಪ ಮುಂದಕ್ಕೆ ಬಾಗಿ, ಬಲಗಾಲು ಊರಿ, ಮುಖ ಕೆಂಪೇರಿ, ಎದ್ದರು. ನಿಂತರು. ಮತ್ತೆ ಕೂತು ಮತ್ತೆ ಎದ್ದರು.

"ಹಡಗು ಬರೋ ಹೊತ್ತಿಗೆ ಇದು ನಂಗೆ ಆಟ ಆಗಿರುತ್ತೆ. ಹೇಳು ಅವನಿಗೆ," ಎಂದರು.

ಫೋನಿನಲ್ಲಿ ಆ ಮನುಷ್ಯ ಇನ್ನೂ ಕಾಯುತ್ತಿದ್ದ. "ಬಿಳಿ ಬೇಕಂದ್ರೆ ಮುಂದಿನ ಹಡಗಿಗೆ. ಕಿತ್ತಳೆ ಬಣ್ಣದ್ದು ಒಂದಿದೆ, ಯಾರೂ ತಗೊಳ್ತಿಲ್ಲ."

"ಕಿತ್ತಳೆ!" ಎಂದು ಚಿಕ್ಕಮ್ಮ ನನ್ನ ಕಿವಿಯ ಪಕ್ಕದಲ್ಲೇ ಕಿರುಚಿದಳು. "ಕಳಿಸಯ್ಯ ಕಿತ್ತಳೇನೇ!"

ಆಮೇಲಿನ ವಾರಗಳಲ್ಲಿ ಚಿಕ್ಕಪ್ಪ ತಪ್ಪದೆ ವ್ಯಾಯಾಮಕ್ಕೆ ಹೋದರು. ಕರೆದೊಯ್ದದ್ದು ಗೇನರ್, ಕೀಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು. ಮನೆಯಲ್ಲಿ ಆ ಹಲಗೆಯ ಪೀಠ ಊಟದ ಮೇಜಿಗೇ ಬಂತು. ಚಿಕ್ಕಮ್ಮ ಚಿಕ್ಕಪ್ಪನಿಗೆ ಇಷ್ಟವಾದ ಬಾಳೆಹಣ್ಣಿನ ತಿಂಡಿ, ಪಿಲ್ಹಿ, ಬೇಯಿಸಿ ಮೇಜಿನ ಆಚೆ ತುದಿಗೆ ಇಡುತ್ತಿದ್ದಳು. ಬೇಕಾದರೆ ಎದ್ದು ಬಂದು ತಿನ್ನಬೇಕು.

ಹಡಗು ಬಂತು, ಅಲೆ ನೋಡಿ ಹಿಂದೆ ಸರಿಯಿತು, ಮತ್ತೆ ಬಂತು. ಸಮುದ್ರ ತಣ್ಣಗಾದ ಬೆಳಗ್ಗೆ ಕಿಂಗ್‌ಸ್ಟನ್ ಕಟ್ಟೆಯ ಮೇಲೆ ಊರಿಗೆ ಊರೇ. ದೂರದಲ್ಲಿ ಹಡಗಿನಿಂದ ಒಂದು ಕಿತ್ತಳೆ ಚುಕ್ಕೆ ಗಾಳಿಗೆ ಏರಿತು, ತೂಗಿತು, ಜೋಡಿ ದೋಣಿಗಳ ಮೇಲೆ ಇಳಿಯಿತು. ಚಿಕ್ಕಪ್ಪ ಕಟ್ಟೆಯ ಅಂಚಿನಲ್ಲಿ ಕೋಲು ಊರಿ ನಿಂತು, "ಹಿಂದಿನ ಹಗ್ಗ ಸಡಿಲ ಬಿಡ್ರೋ! ಅಲೆ ಏಳಲಿ, ಏಳಲಿ, ಈಗ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ದೋಣಿಯ ಹುಡುಗರು, "ಆಯ್ತು ಗುರುವೇ!" ಎಂದು ಕೂಗಿ ಹಾಗೇ ಮಾಡುತ್ತಿದ್ದರು. ಗಾಡಿ ಒಮ್ಮೆ ಓಲಿದಾಗ ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದ ಗುರುತು ಸಂಜೆಯವರೆಗೂ ಉಳಿದಿತ್ತು.

ಕ್ರೇನು ಗಾಡಿಯನ್ನು ಕಟ್ಟೆಗೆ ಇಳಿಸಿತು. ನಾಲ್ಕು ಚಕ್ರಗಳೂ ನೆಲ ಮುಟ್ಟಿದವು. ಚಿಕ್ಕಪ್ಪ ಎಡಗಡೆಯ ಬಾಗಿಲ ಬಳಿಗೆ ನಡೆದರು. ಚರ್ಚಿನ ಮುಂದೆ ಎಳೆದಿದ್ದ ಆ ಇಬ್ಬರು ಹುಡುಗರು ಅಭ್ಯಾಸಬಲದಿಂದ ಮುಂದೆ ನುಗ್ಗಿದರು. ಚಿಕ್ಕಮ್ಮ ಎರಡೂ ತೋಳು ಚಾಚಿ ಅಡ್ಡ ನಿಂತಳು. ಅವಳ ತಲೆ ಆ ಹುಡುಗರ ಎದೆಗೆ ಬರುತ್ತಿತ್ತು, ಆದರೂ ಇಬ್ಬರೂ ಅಲ್ಲೇ ನಿಂತರು.

ಚಿಕ್ಕಪ್ಪ ಬೆನ್ನು ತಿರುಗಿಸಿದರು. ಕೂತರು. ಬಲಗಾಲು. ಆಮೇಲೆ ಎಡಗಾಲು, ನಿಧಾನವಾಗಿ, ಕೈಯಿಂದ ಎತ್ತಿ. ಬಾಗಿಲನ್ನೂ ಅವರೇ ಎಳೆದುಕೊಂಡರು, ಧಡ್ಡೆಂದು.

"ಇನ್ನೂ ಏನ್ ನೋಡ್ತಾ ನಿಂತಿದೀಯ ಟಿಂಟೂಲ?" ಎಂದು ಕಿಟಕಿಯಿಂದ ಕೂಗಿದರು. "ಹತ್ತು. ನನಗೆ ಹೋಗ್ಬೇಕಾದ ಜಾಗ ಬೇಕಾದಷ್ಟಿದೆ."